ಆಕ್ಟೇವಿಯಾ ಆರ್‌ಎಸ್‌ಗೆ ಇಂಟರ್‌ಕೂಲರ್, ಆಯಿಲ್ ಕೂಲರ್ ನಾವೇ ಮಾಡಬೇಕು ಅಂತಿದ್ದೇವೆ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು: ಪೀಣ್ಯದಿಂದ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೀಟ್ ಮೆಟಲ್ ಶೆಡ್ ಇದೆ. ಬೆಂಡಿಂಗ್, ಟಿಗ್ ವೆಲ್ಡಿಂಗ್ ನಮ್ಮಲ್ಲೇ ಆಗುತ್ತದೆ. ಲೇಸರ್ ಕಟಿಂಗ್ ಪಕ್ಕದ ರಸ್ತೆಯಲ್ಲಿ ಮಾಡಿಸುತ್ತೇವೆ. ನನ್ನ ಗಾಡಿ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಎರಡು ಲೀಟರ್ ಟರ್ಬೊ ಪೆಟ್ರೋಲ್, ಕಂಪನಿ ಲೆಕ್ಕದಲ್ಲಿ 230 ಪಿಎಸ್, 350 ನ್ಯೂಟನ್ ಮೀಟರ್. ಮೇಲೆ ಒಂದು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸಿದ್ದೇನೆ. ತೊಂದರೆ ಏನಂದ್ರೆ, ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋದಾಗ ಮೊದಲೆರಡು ಸುತ್ತು ಗಾಡಿ ಹುಲಿ. ಆಮೇಲೆ ಎಳೆತವೇ ಇಲ್ಲ.

ಹೊರದೇಶದ ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ಎಂಜಿನ್‌ಗೆ ಹೋಗುವ ಮುಂಚೆ ತಣಿಸುವ ಪಾರ್ಟ್) ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನು ಮತ್ತು ಗೆಳೆಯ ಸೇರಿ ಇಂಟರ್‌ಕೂಲರ್, ಆಯಿಲ್ ಕೂಲರ್, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಪೈಪ್) ಮೂರನ್ನೂ ಇಲ್ಲೇ ಮಾಡಿ, ಚೆನ್ನಾಗಿ ಬಂದರೆ ಬೇರೆಯವರಿಗೂ ಕೊಡೋಣ ಅಂತ. ಯಾವುದರಿಂದ ಶುರು ಮಾಡಬೇಕು? ಎಲ್ಲಿ ಎಡವುತ್ತಾರೆ?

ಉತ್ತರ: ಕೊಯಮತ್ತೂರಿನಲ್ಲಿ ಟ್ರ್ಯಾಕ್ ಗಾಡಿಗಳ ಕೆಲಸ ಮಾಡುವವರು

ಶೆಡ್ ಇದೆ, ಗಾಡಿ ಇದೆ, ಟ್ರ್ಯಾಕ್‌ಗೂ ಹೋಗುತ್ತೀರಿ. ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅಲ್ಯುಮಿನಿಯಂ ಕೊಳ್ಳುವ ಮುಂಚೆ ಅಳತೆಗೆ ದುಡ್ಡು ಹಾಕಿ. ಇಂಟರ್‌ಕೂಲರ್‌ಗೆ ಗಾಳಿ ಒಳಗೆ ಹೋಗುವ ಕಡೆ ಒಂದು, ಹೊರಗೆ ಬರುವ ಕಡೆ ಒಂದು ಕೆ ಟೈಪ್ ಥರ್ಮೋಕಪಲ್ (ಉಷ್ಣತೆ ಅಳೆಯುವ ಸೆನ್ಸರ್). ಅದೇ ಎರಡು ಕಡೆ ಒತ್ತಡದ ಸೆನ್ಸರ್. ರೇಡಿಯೇಟರ್ ಮುಂದೆ ಒಂದು ಥರ್ಮೋಕಪಲ್. ಇದರ ಜೊತೆಗೆ ಓಬಿಡಿಯಿಂದ (ಗಾಡಿಯ ಡಯಾಗ್ನಾಸ್ಟಿಕ್ ಪೋರ್ಟ್) ಕೂಲೆಂಟ್, ಆಯಿಲ್ ಉಷ್ಣತೆ ಮತ್ತು ಒಂದೊಂದು ಸಿಲಿಂಡರ್‌ನ ಕಿಡಿ ಹೊತ್ತುವ ಟೈಮಿಂಗ್ ಎಷ್ಟು ಹಿಂದೆ ಹೋಯಿತು ಅನ್ನುವುದನ್ನು ಲಾಗ್ ಮಾಡಿ. ಗಾಡಿ ಮಂಕಾಗಲು ಕಾರಣ ಒಳಗೆ ಹೋಗುವ ಗಾಳಿಯ ಬಿಸಿಯೋ, ಆಯಿಲ್ ಬಿಸಿಯೋ, ಕೂಲೆಂಟೋ ಅನ್ನುವುದು ಈ ಲಾಗ್‌ನಲ್ಲೇ ಗೊತ್ತಾಗುತ್ತದೆ. ಗೊತ್ತಾಗದೆ ಪಾರ್ಟ್ ಮಾಡಿದರೆ ಅದು ಸುಮ್ನೆ ಊಹೆ.

ಬಿಸಿ ಎಷ್ಟು ಅಂತ ಒಂದು ಲೆಕ್ಕ ನೋಡಿ. ಹೊರಗಿನ ಗಾಳಿ 35 ಡಿಗ್ರಿ, ಟರ್ಬೊ ಅದನ್ನು 2.2 ಪಟ್ಟು ಒತ್ತುತ್ತದೆ, ಕಂಪ್ರೆಸರ್ ದಕ್ಷತೆ 70 ಶೇಕಡ ಅಂತ ಇಟ್ಟುಕೊಳ್ಳಿ. ಹೊರಬರುವ ಗಾಳಿ 145 ಡಿಗ್ರಿ ಹತ್ತಿರ ಇರುತ್ತದೆ. ಈ ಶಕ್ತಿಯ ಎಂಜಿನ್ ಸೆಕೆಂಡಿಗೆ ಸುಮಾರು 0.2 ಕಿಲೊ ಗಾಳಿ ಕುಡಿಯುತ್ತದೆ. ಅದನ್ನು 90 ಡಿಗ್ರಿ ಇಳಿಸಬೇಕು ಅಂದ್ರೆ 18 ಕಿಲೋವ್ಯಾಟ್ ಬಿಸಿ ಹೊರಗೆ ಹೋಗಬೇಕು. ಮನೆಯ 2 ಕಿಲೋವ್ಯಾಟ್ ಗೀಸರ್ ಒಂಬತ್ತನ್ನು ಒಟ್ಟಿಗೆ ಆನ್ ಮಾಡಿದ ಹಾಗೆ.

ಬೆಂಗಳೂರಿನಲ್ಲಿ ಇನ್ನೊಂದು ವಿಷಯ. ನೀವು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ 0.91 ಬಾರ್ ಅಷ್ಟೇ. ಚೆನ್ನೈನಲ್ಲಿ ಸಿಗುವ ಅದೇ ಒತ್ತಡವನ್ನು ಎಂಜಿನ್‌ಗೆ ಕೊಡಲು ಟರ್ಬೊ ಹೆಚ್ಚು ಒತ್ತಬೇಕು, 2.2ರ ಬದಲು 2.4 ಪಟ್ಟು. ಹೊರಗೆ ಅಷ್ಟೇ ಸೆಕೆ ಇದ್ದರೆ ಕಂಪ್ರೆಸರ್‌ನಿಂದ ಬರುವ ಗಾಳಿ ಇನ್ನೂ 15 ಡಿಗ್ರಿ ಬಿಸಿ. ಹವೆ ತಂಪು ಅಂತ ಬೆಂಗಳೂರನ್ನು ಸಲೀಸು ಅಂದುಕೊಳ್ಳಬೇಡಿ.

ಇನ್ನು ಇಂಟರ್‌ಕೂಲರ್. ಈ ಗಾಡಿಯಲ್ಲಿ ಅದು ಎಲ್ಲಿದೆ ಅಂತ ಬಂಪರ್ ಬಿಚ್ಚಿ ನೋಡಿದ್ದೀರಾ? ಎಲ್ಲಕ್ಕಿಂತ ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್, ಕೊನೆಗೆ ಫ್ಯಾನ್. ಮೂರೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಎಲ್ಲರೂ ಮೊದಲು ಮಾಡುವುದು ಏನು? ಕೋರ್ (ಇಂಟರ್‌ಕೂಲರ್‌ನ ಟ್ಯೂಬ್, ಫಿನ್‌ಗಳಿರುವ ನಡುಭಾಗ) ದಪ್ಪ ಮಾಡುತ್ತಾರೆ. ಕೋರ್ ದಪ್ಪ ಆದಷ್ಟೂ ಅದರ ಮೂಲಕ ಗಾಳಿ ದಾಟುವುದು ಕಷ್ಟ, ಹಿಂದಿನ ರೇಡಿಯೇಟರ್‌ಗೆ ಸಿಗುವ ಗಾಳಿ ಕಡಿಮೆ. ಸಿಕ್ಕಿದ್ದೂ ಬಿಸಿ ಗಾಳಿ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಇದೆ, ಅದರ ಬಿಸಿಯನ್ನೂ ಕೂಲೆಂಟೇ ಹೊರಬೇಕು. ಆಯಿಲ್ ತಂಪು ಮಾಡುವುದೂ ಕೂಲೆಂಟೇ. ರೇಡಿಯೇಟರ್‌ಗೆ ಗಾಳಿ ಕಡಿಮೆ ಮಾಡಿದರೆ ಒಂದು ಕಡೆ ಗಳಿಸಿ ಎರಡು ಕಡೆ ಕಳೆದುಕೊಳ್ಳುತ್ತೀರಿ.

ಅದಕ್ಕೇ ನನ್ನ ಮಾತು ಇಷ್ಟೇ: ಕೋರ್‌ಗಿಂತ ಮೊದಲು ಗಾಳಿಯ ದಾರಿ ಸರಿಮಾಡಿ. ಬಂಪರ್ ತೆಗೆದಾಗ ಕಂಡೆನ್ಸರ್ ಪಕ್ಕ, ಮೇಲೆ, ಕೆಳಗೆ ಕೈ ಹಾಕಿ ನೋಡಿ. ಸಂದುಗಳು ಸಿಗುತ್ತವೆ. ಗ್ರಿಲ್‌ನಿಂದ ಬಂದ ಗಾಳಿ ಫಿನ್‌ಗಳ ನಡುವೆ ನುಗ್ಗುವ ಬದಲು ಆ ಸಂದಿನಲ್ಲಿ ನುಸುಳಿ ಹೋಗುತ್ತದೆ. ಸುಲಭದ ದಾರಿ ಇದ್ದರೆ ಗಾಳಿ ಕಷ್ಟದ ದಾರಿ ಯಾಕೆ ಹಿಡಿಯುತ್ತದೆ ಅಲ್ವಾ? ಮುಚ್ಚಲು ಒತ್ತಾದ ಫೋಮ್ ಪಟ್ಟಿ ಸಾಕು. ಗ್ರಿಲ್‌ನಿಂದ ಕಂಡೆನ್ಸರ್ ತನಕ ಮೊದಲು ರಟ್ಟಿನಲ್ಲಿ ಒಂದು ಡಕ್ಟ್ ಮಾಡಿ ನೋಡಿ, ಕೂತಿತು ಅಂದ್ರೆ ತೆಳು ಅಲ್ಯುಮಿನಿಯಂ ಶೀಟ್‌ನಲ್ಲಿ ಮಾಡಿ. ಫಿನ್ ಮುಂದೆ ಉಣ್ಣೆ ದಾರದ ತುಂಡು ಅಂಟಿಸಿ, ಚಿಕ್ಕ ಕ್ಯಾಮೆರಾ ಇಟ್ಟು ಓಡಿಸಿದರೆ ಗಾಳಿ ಎತ್ತ ಹೋಗುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಇದಿಷ್ಟು ಮಾಡಿ ಮತ್ತೆ ಲಾಗ್ ತೆಗೆಯಿರಿ. ಕಂಪನಿಯ ಇಂಟರ್‌ಕೂಲರ್‌ನಿಂದಲೇ ಎಷ್ಟು ಸಿಗುತ್ತದೆ ಅಂತ ತಿಳಿದ ಮೇಲೆ ಹೊಸ ಕೋರ್‌ನ ಅಳತೆ ನಿರ್ಧರಿಸಿ.

ಹೊಸ ಕೋರ್ ಬಂದಾಗ ಎರಡು ಅಂಕಿ ನೋಡಿ. ಒಂದು ದಕ್ಷತೆ. ಒಳಗೆ 130, ಹೊರಗೆ 50, ಹವೆ 35 ಇದ್ದರೆ 95ರಲ್ಲಿ 80 ಡಿಗ್ರಿ ಇಳಿದಿದೆ, ಅಂದ್ರೆ 84 ಶೇಕಡ. ಇನ್ನೊಂದು ಒತ್ತಡದ ನಷ್ಟ. 0.1 ಬಾರ್ ಒಳಗೆ ಇದ್ದರೆ ನೆಮ್ಮದಿ. 0.2 ದಾಟಿತು ಅಂದ್ರೆ ತಂಪಿನಿಂದ ಬಂದಿದ್ದನ್ನು ಟರ್ಬೊ ಮತ್ತೆ ಬಿಸಿ ಮಾಡಿ ತಿನ್ನುತ್ತದೆ.

ಡೈನೋದಲ್ಲಿ (ಗಾಡಿ ನಿಂತಲ್ಲೇ ಶಕ್ತಿ ಅಳೆಯುವ ಯಂತ್ರ) ಒಂದು ಪುಲ್ (ಆಕ್ಸಿಲರೇಟರ್ ಪೂರ್ತಿ ಒತ್ತಿದ ಒಂದು ಓಟ) ಮಾಡಿ ಸಂಭ್ರಮ ಪಡಬೇಡಿ. ಎಂಟು ಕಿಲೊ ತೂಕದ ಕೋರ್ ಅಂದ್ರೆ ಹತ್ತು ಸೆಕೆಂಡಿನ ಪುಲ್‌ನ ಬಿಸಿಯನ್ನು ತಾನೇ ಹೀರಿಕೊಂಡು 25 ಡಿಗ್ರಿ ಏರಿ ಕೂರುತ್ತದೆ, ಹೊರಗಿನ ಗಾಳಿ ಬೇಕೇ ಆಗಲ್ಲ. ಒಂದು ಪುಲ್‌ನಲ್ಲಿ ಎಂಥ ದಪ್ಪ ಕೋರ್ ಕೂಡ ಅದ್ಭುತ ಅನ್ನಿಸುತ್ತದೆ. ಬಿಡುವು ಕೊಡದೆ ಒಂದರ ಮೇಲೊಂದು ಮಾಡಿ, ಕೊನೆಯ ಪುಲ್‌ನ ಅಂಕಿ ಹಿಡಿಯಿರಿ. ಹಳೆಯದು, ಹೊಸದು ಎರಡನ್ನೂ ಒಂದೇ ದಿನ, ಒಂದೇ ಪೆಟ್ರೋಲ್‌ನಲ್ಲಿ ಹೋಲಿಸಿ.

ಉತ್ತರ: ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನ ವೆಲ್ಡರ್

ನಾನು ವೆಲ್ಡಿಂಗ್ ಮಾತ್ರ ಹೇಳುತ್ತೇನೆ. ರಾಡ್ ಯಾವುದು ಅಂತ ಕೇಳಿ ಹಿಡಿಯಿರಿ. ಅಂಗಡಿಯಲ್ಲಿ 5356 ನಂಬರಿನದು ಸಲೀಸಾಗಿ ಸಿಗುತ್ತದೆ, ಗಟ್ಟಿ ಕೂಡ. ಆದರೆ ಸದಾ 65 ಡಿಗ್ರಿ ಮೇಲೆ ಕೆಲಸ ಮಾಡುವ ಜಾಗಕ್ಕೆ ಅದು ಅಲ್ಲ, ದಿನ ಕಳೆದ ಹಾಗೆ ಸೀಳು ಬರುತ್ತದೆ. ನಿಮ್ಮ ಬಿಸಿ ಕಡೆಯ ಟ್ಯಾಂಕ್ (ಕೋರ್ ತುದಿಗೆ ಕೂರುವ ಗಾಳಿಯ ಪೆಟ್ಟಿಗೆ) 140 ಡಿಗ್ರಿ ನೋಡುತ್ತದೆ. 4043 ಹಾಕಿ. ಆನೋಡೈಸ್ ಮಾಡಿಸಿದರೆ ಬೆಸುಗೆ ಗೆರೆ ಕಪ್ಪಾಗುತ್ತದೆ, ಆಗಲಿ ಬಿಡಿ.

ಕೋರ್‌ಗೆ ಟ್ಯಾಂಕ್ ಕೂರಿಸುವಾಗ ಅವಸರ ಬೇಡ. ಕೋರ್ ಒಳಗಿನ ಜೋಡಣೆ ಎಲ್ಲ ಬ್ರೇಜಿಂಗ್. ತಾಯಿ ಲೋಹ ಕರಗುವ ಮುಂಚೆ ಅದು ಕರಗುತ್ತದೆ. ಒಂದೇ ಕಡೆ ಉದ್ದಕ್ಕೆ ಎಳೆದರೆ ಒಳಗೆ ಟ್ಯೂಬ್ ಬಿಟ್ಟುಕೊಳ್ಳುತ್ತದೆ, ನಿಮಗೆ ಹೊರಗಿನಿಂದ ಕಾಣಲ್ಲ. ಒಂದಂಗುಲ ಇಲ್ಲಿ, ಒಂದಂಗುಲ ಎದುರು ಮೂಲೆಯಲ್ಲಿ, ನಡುವೆ ಆರಲು ಬಿಡಿ. ಗಾಡಿಯ ಮೌಂಟ್ ಅಳತೆಗೆ ಒಂದು ಕಬ್ಬಿಣದ ಜಿಗ್ ಮೊದಲೇ ಮಾಡಿ, ಕೋರ್ ಅದಕ್ಕೆ ಬಿಗಿದ ಮೇಲೇ ಆರ್ಕ್ ಹೊಡೆಯಿರಿ. ಇಲ್ಲ ಅಂದ್ರೆ ಅಲ್ಯುಮಿನಿಯಂ ಎಳೆದುಕೊಂಡು ಮೌಂಟ್ ತೂತು ಕೂರುವುದೇ ಇಲ್ಲ. ಸ್ಟೇನ್‌ಲೆಸ್ ಬ್ರಷ್ ಅಲ್ಯುಮಿನಿಯಂಗೇ ಬೇರೆ ಇಡಿ, ಅಸಿಟೋನ್‌ನಲ್ಲಿ ಒರೆಸಿ.

ಲೀಕ್ ಟೆಸ್ಟ್‌ಗೆ ನೇರ ಕಂಪ್ರೆಸರ್ ಗಾಳಿ ತುಂಬಬೇಡಿ. ಗಾಳಿ ತುಂಬಿದ ಟ್ಯಾಂಕ್‌ನ ಮುಚ್ಚಳ ಹಾರಿದರೆ ಮುಖಕ್ಕೇ ಬರುತ್ತದೆ. ಮೊದಲು ನೀರು ತುಂಬಿ ಕೈ ಪಂಪ್‌ನಲ್ಲಿ ಒತ್ತಡ ಏರಿಸಿ ಗಟ್ಟಿ ಇದೆಯಾ ನೋಡಿ. ಆಮೇಲೆ ಕಡಿಮೆ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಕೊನೆಗೆ ಒಳಗೆ ಚೆನ್ನಾಗಿ ತೊಳೆದು ಒಣಗಿಸಿ. ಒಳಗೆ ಉಳಿದ ಒಂದು ಚೂರು ಅಲ್ಯುಮಿನಿಯಂ ನೇರ ಎಂಜಿನ್ ಒಳಗೆ ಹೋಗುತ್ತದೆ.

ಉತ್ತರ: ಮೈಸೂರಿನಿಂದ, ಅದೇ ಗಾಡಿ ಇಟ್ಟುಕೊಂಡವರು

ಕೊಳ್ಳುವವನ ಕಡೆಯಿಂದ ಒಂದೆರಡು ಮಾತು. ಮುಂದಿನ ಕ್ರ್ಯಾಶ್ ಬಾರ್ ಕೊಯ್ದು ಕೂರಿಸುವ ಇಂಟರ್‌ಕೂಲರ್ ನನಗೆ ಬೇಡವೇ ಬೇಡ. ಹೆಂಡತಿ ಮಕ್ಕಳು ಕೂರುವ ಗಾಡಿ ಅದು. ಕಂಪನಿಯ ಮೌಂಟ್‌ಗೇ ಕೂರಬೇಕು, ಬೇಡ ಅಂದಾಗ ಬಿಚ್ಚಿ ಹಳೆಯದನ್ನು ಹಾಕುವ ಹಾಗಿರಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಎಸಿ ತಂಪಾಗಿರಬೇಕು. ಟ್ರ್ಯಾಕ್ ಲಾಗ್ ಜೊತೆ ಟ್ರಾಫಿಕ್ ಲಾಗ್ ಕೂಡ ತೋರಿಸಿದರೆ ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ.

ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್‌ನಲ್ಲಿ ನನ್ನ ಗಾಡಿಯ ಆಯಿಲ್ 130 ದಾಟುತ್ತದೆ. ಆಗ ನಾನು ಒಂದು ಸುತ್ತು ನಿಧಾನ ಬಿಡುತ್ತೇನೆ. ಟ್ರ್ಯಾಕ್‌ಗೆ ಹೋಗುವವರು ಇಂಟರ್‌ಕೂಲರ್‌ಗಿಂತ ಆಯಿಲ್ ಕೂಲರ್‌ಗೇ ಮೊದಲು ದುಡ್ಡು ಕೊಡುತ್ತಾರೆ ಅಂತ ನನ್ನ ಅನಿಸಿಕೆ. ಇನ್ನೊಂದು, ರಸ್ತೆಯಲ್ಲಿ ಟೆಸ್ಟ್ ಪುಲ್ ದಯವಿಟ್ಟು ಬೇಡ.

ಮತ್ತೆ ಪ್ರಶ್ನೆ: ಪೀಣ್ಯದಿಂದ

ತುಂಬಾ ಥ್ಯಾಂಕ್ಸ್. ಗಾಳಿಯ ದಾರಿ ನಮ್ಮ ತಲೆಗೇ ಬಂದಿರಲಿಲ್ಲ. ಹಾಗಾದ್ರೆ ಡೌನ್‌ಪೈಪ್ ಬಿಟ್ಟುಬಿಡೋದಾ? ಆಯಿಲ್ ಕೂಲರ್ ಹೇಗಿರಬೇಕು? ಮತ್ತೆ ಇಷ್ಟು ಕಡಿಮೆ ಗಾಡಿ ಇರುವಾಗ ಮಾರಾಟಕ್ಕೆ ಅರ್ಥ ಇದೆಯಾ ಸರ್?

ಉತ್ತರ: ಕೊಯಮತ್ತೂರಿನವರೇ

ಆಯಿಲ್ ಕೂಲರ್‌ಗೆ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಆಯಿಲನ್ನು ಹೊರಗಿನ ಕೂಲರ್‌ಗೆ ತಿರುಗಿಸುವ ನಡುತಟ್ಟೆ) ಕಡ್ಡಾಯ. ಕಂಪನಿಯ ಕೂಲರ್ ಕೂಲೆಂಟ್ ಜೊತೆ ಬಿಸಿ ಹಂಚಿಕೊಳ್ಳುತ್ತದೆ, ಬೆಳಿಗ್ಗೆ ತಣ್ಣಗಿದ್ದಾಗ ಆಯಿಲ್ ಬೇಗ ಕಾಯಿಸುವುದೂ ಅದೇ. ಅದನ್ನು ಕಿತ್ತು ಹಾಕಬೇಡಿ, ಅದರ ಜೊತೆಗೆ ಗಾಳಿಯ ಕೂಲರ್ ಸೇರಿಸಿ. ಆಯಿಲ್‌ನ ಬಿಸಿ ಬೇರೆ ದಾರಿಯಲ್ಲಿ ಹೊರಗೆ ಹೋದರೆ ಕೂಲೆಂಟ್‌ಗೂ ಉಸಿರು ಬರುತ್ತದೆ. ಅದನ್ನೂ ಇಂಟರ್‌ಕೂಲರ್ ಮುಂದೆ ನೇತು ಹಾಕಬೇಡಿ. ಬಂಪರ್‌ನ ಒಂದು ಮೂಲೆಯಲ್ಲಿ, ಗಾಳಿ ಒಳಬರಲು ಮತ್ತು ಹೊರಹೋಗಲು ತನ್ನದೇ ದಾರಿ ಇರುವ ಕಡೆ ಇಡಿ. ಹೊರಹೋಗುವ ದಾರಿಯನ್ನು ಬಹಳ ಜನ ಮರೆಯುತ್ತಾರೆ. ಲೈನ್‌ಗಳು ಚಕ್ರ ಪೂರ್ತಿ ತಿರುಗಿದಾಗ ಟೈರ್‌ಗೆ ತಾಗುತ್ತವಾ ಅಂತ ಎರಡೂ ಕಡೆ ತಿರುಗಿಸಿ ನೋಡಿ.

ಡೌನ್‌ಪೈಪ್ ಕೊನೆಗೆ. ಅದು ಟರ್ಬೊ ಹಿಂದಿನ ಒತ್ತಡ ಇಳಿಸಿ ಇನ್ನಷ್ಟು ಶಕ್ತಿಗೆ ದಾರಿ ಮಾಡುತ್ತದೆ. ಶಕ್ತಿ ಜಾಸ್ತಿ ಅಂದ್ರೆ ಬಿಸಿಯೂ ಜಾಸ್ತಿ. ಈಗಿನ ಬಿಸಿಯನ್ನೇ ತಡೆಯದ ಗಾಡಿಗೆ ಅದು ಬೇಡ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತ ಪೈಪನ್ನು ರಸ್ತೆಯ ಗಾಡಿಗೆ ಮಾರಲೇಬೇಡಿ. ಹೊಗೆ ಊರಿನವರು ಕುಡಿಯುತ್ತಾರೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಮತ್ತು ತಯಾರಕರು ಕೊಟ್ಟ ಮೂಲ ವಿವರ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಕೂಲಿಂಗ್ ಪಾರ್ಟ್ ಕೊಡುವಾಗಲೂ ಇದು ಟ್ರ್ಯಾಕ್ ಬಳಕೆಗೆ ಅಂತ ಬಿಲ್‌ನಲ್ಲಿ ಬರೆಯಿರಿ, ಗಿರಾಕಿಗೆ ಬಾಯಲ್ಲೂ ಹೇಳಿ.

ಮಾರಾಟದ ಬಗ್ಗೆ: 2020ರಲ್ಲಿ ಬಂದ ಆರ್‌ಎಸ್ 245 ಇಡೀ ದೇಶಕ್ಕೆ 200 ಗಾಡಿ ಮಾತ್ರ. ಆರ್‌ಎಸ್ ಒಂದನ್ನೇ ನಂಬಿದರೆ ಶೆಡ್ ಬಾಡಿಗೆ ಹುಟ್ಟುವುದಿಲ್ಲ. ಆದರೆ ಆಕ್ಟೇವಿಯಾ, ಸೂಪರ್ಬ್, ಆಡಿ ಎ3 ಎಲ್ಲ ಒಂದೇ ಎಂಕ್ಯೂಬಿ ತಳದ ಗಾಡಿಗಳು. ಒಂದೊಂದರ ಅಳತೆ ತೆಗೆಯಿರಿ. ಕೋರ್ ಒಂದೇ ಇಟ್ಟು ಟ್ಯಾಂಕ್ ಮತ್ತು ಮೌಂಟ್ ಮಾತ್ರ ಬದಲಾಗುವ ಹಾಗೆ ಡಿಸೈನ್ ಮಾಡಿದರೆ ಕೋರ್ ಒಟ್ಟಿಗೆ ತರಿಸಬಹುದು. ಫೋಮ್, ಡಕ್ಟ್ ಸೆಟ್ ಕೂಡ ಬೇರೆಯಾಗಿ ಮಾರಿ. ಕಡಿಮೆ ಬೆಲೆಗೆ ಒಳ್ಳೆಯ ಫಲ ಕೊಡುವ ಪಾರ್ಟ್ ಅದು, ಯಾರೂ ಮಾಡುತ್ತಿಲ್ಲ.

ಉತ್ತರ: ಜರ್ಮನಿಯಿಂದ, ರೇಡಿಯೇಟರ್ ಉದ್ಯಮದಲ್ಲಿ ಎಂಜಿನಿಯರ್

ಬಾಳಿಕೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 600 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ 100 ಡಿಗ್ರಿ ಬಿಸಿಯಾದರೆ 1.4 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ಕಡೆ ಬೋಲ್ಟ್ ಬಿಗಿದು ಕಟ್ಟಿದರೆ ಆ ಬೆಳವಣಿಗೆ ಬೆಸುಗೆಯನ್ನೇ ಎಳೆಯುತ್ತದೆ. ಒಂದು ಕಡೆ ಗಟ್ಟಿ ಹಿಡಿಯಿರಿ, ಇನ್ನೊಂದು ಕಡೆ ರಬ್ಬರ್ ಬುಷ್ ಮತ್ತು ಉದ್ದನೆಯ ತೂತು. ನಮ್ಮ ಹಂಪ್‌ಗಳ ಕುಲುಕಾಟಕ್ಕೂ ರಬ್ಬರ್ ಬೇಕೇ ಬೇಕು. ಮಂಗಳೂರು, ಉಡುಪಿ ಕಡೆ ಮಾರಿದರೆ ಉಪ್ಪು ಗಾಳಿ ಇದೆ, ಕಬ್ಬಿಣದ ಬೋಲ್ಟ್ ನೇರ ಅಲ್ಯುಮಿನಿಯಂಗೆ ತಾಗದ ಹಾಗೆ ವಾಷರ್ ಕೊಡಿ. ಕಪ್ಪು ಬಣ್ಣ ಹೊಡೆಯುವುದಾದರೆ ತೆಳ್ಳಗೆ.

ಪೀಣ್ಯದಿಂದ

ಹೀಗೆ ಮಾಡುತ್ತೇವೆ: ಮೊದಲು ಸೆನ್ಸರ್, ಆಮೇಲೆ ಫೋಮ್ ಮತ್ತು ರಟ್ಟಿನ ಡಕ್ಟ್, ಆಮೇಲೆ ಆಯಿಲ್ ಕೂಲರ್, ಅದಾದ ಮೇಲೆ ಇಂಟರ್‌ಕೂಲರ್. ಡೌನ್‌ಪೈಪ್ ಸದ್ಯಕ್ಕೆ ಪಟ್ಟಿಯಲ್ಲೇ ಇಲ್ಲ. ರೀಮ್ಯಾಪ್ ಇಲ್ಲದ ಒಂದು ಆರ್‌ಎಸ್ ಹೋಲಿಕೆಗೆ ಬೇಕಿತ್ತು. ಯಾರಾದರೂ ಕೊಡುತ್ತೀರಾ?

ಮೈಸೂರಿನಿಂದ

ನನ್ನದು ರೀಮ್ಯಾಪ್ ಇಲ್ಲದ ಗಾಡಿ, ಭಾನುವಾರ ತರುತ್ತೇನೆ. ಸೆನ್ಸರ್‌ಗೆ ನನ್ನ ಪೈಪ್ ಕೊರೆಯುವುದು ಬೇಡ, ತೂತು ಮಾಡಿದ ಬೇರೆ ಪೈಪ್ ರೆಡಿ ಇಡಿ. ಟ್ರಾಫಿಕ್ ಲಾಗ್ ಬೇಕಿದ್ದರೆ ವಾಪಸ್ ಹೋಗುವಾಗ ಸಂಜೆ ಹೊರಡುತ್ತೇನೆ, ಕೆಂಗೇರಿ ತನಕ ಎಷ್ಟು ಬೇಕೋ ಅಷ್ಟು ಸಿಗುತ್ತದೆ.