ಗೂಗಲ್ ಜಾಹೀರಾತಿಗೆ ತಿಂಗಳಿಗೆ 10,000 ರೂಪಾಯಿ ಹಾಕಬಹುದೇ? ಹಾಕಿ ನೋಡಿದವರು ತಿಳಿಸಿ

ಚನ್ನಪಟ್ಟಣದಿಂದ:

ನಮ್ಮ ತಂದೆ ಮೂವತ್ತು ವರ್ಷಗಳಿಂದ ಅರಗಿನ ಬಣ್ಣದ ಮರದ ಆಟಿಕೆ ಮಾಡುತ್ತಿದ್ದಾರೆ. ರಸ್ತೆ ಬದಿಯ ಅಂಗಡಿಗಳಿಗೆ ಸಗಟಾಗಿ ಕೊಡುತ್ತಿದ್ದೆವು. ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್ ಆದ ಮೇಲೆ ವಾಹನಗಳು ಊರೊಳಗೆ ಬರುವುದು ಕಡಿಮೆಯಾಗಿ ಆ ಅಂಗಡಿಗಳ ವ್ಯಾಪಾರವೇ ಇಳಿದಿದೆ. ಆರು ತಿಂಗಳ ಹಿಂದೆ ಸ್ವಂತ ವೆಬ್‌ಸೈಟ್ ಮಾಡಿಸಿದೆವು. ದಿನಕ್ಕೆ ನಾಲ್ಕೈದು ಜನ ಬಂದರೆ ಹೆಚ್ಚು. ಗೂಗಲ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ತಿಂಗಳಿಗೆ 10,000 ರೂಪಾಯಿ ತೆಗೆದಿಡಬಲ್ಲೆವು, ಅದಕ್ಕಿಂತ ಹೆಚ್ಚು ಆಗದು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಇಳಕಲ್‌ನಿಂದ:

ತಂಗೀ, ನಾನು ನಾಲ್ಕು ವರ್ಷಗಳಿಂದ ಇಳಕಲ್ ಸೀರೆಗೆ ಇದೇ ಜಾಹೀರಾತು ಹಾಕುತ್ತಿದ್ದೇನೆ. ಮೊದಲ ತಿಂಗಳು 6,000 ರೂಪಾಯಿ ಖರ್ಚಾಯಿತು, ಒಂದು ಸೀರೆಯೂ ಮಾರಾಟವಾಗಲಿಲ್ಲ. ಏಕೆಂದು ತಿಳಿದದ್ದು ಖಾತೆಯೊಳಗಿನ ‘ಸರ್ಚ್ ಟರ್ಮ್ಸ್’ ಪಟ್ಟಿ ತೆರೆದು ನೋಡಿದಾಗ. ಜನ ಏನೆಂದು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಾಣಿಸಿತು, ಯಾವುದಕ್ಕೆ ಕ್ಲಿಕ್ ಬಿತ್ತು ಎಂಬುದು ಅಲ್ಲಿರುತ್ತದೆ. ನಾನು ‘ಇಳಕಲ್’ ಎಂಬ ಒಂಟಿ ಪದವನ್ನೂ ಕೀವರ್ಡ್ ಆಗಿ, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕು ಎಂದು ನಾವು ಕೊಡುವ ಪದವಾಗಿ, ಕೊಟ್ಟಿದ್ದೆ. ಅದೂ ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಆ ಪದಕ್ಕೆ ಸಂಬಂಧಿಸಿದ ಯಾವ ಹುಡುಕಾಟಕ್ಕೂ ಕಾಣುವಂತೆ. ನನಗೆ ಇಳಕಲ್ ಎಂದರೆ ಸೀರೆ. ಮನೆ ಕಟ್ಟುವವರಿಗೆ ಇಳಕಲ್ ಎಂದರೆ ಕೆಂಪು ಗ್ರಾನೈಟ್. ಕಲ್ಲಿನ ದರ ಹುಡುಕಿದವರು, ಬಸ್ಸಿನ ವೇಳೆ ಹುಡುಕಿದವರು, ಇವತ್ತು ಮಳೆ ಬರುತ್ತದೆಯೇ ಎಂದು ನೋಡಿದವರು, ಇವರೆಲ್ಲರ ಕ್ಲಿಕ್ಕಿಗೂ ನಾನೇ ದುಡ್ಡು ತೆತ್ತಿದ್ದೆ.

ನಿಮ್ಮ ಊರಿನ ಹೆಸರಿಗೂ ಇದೇ ಅಪಾಯವಿದೆ. ‘ಚನ್ನಪಟ್ಟಣ’ ಎಂದು ಹುಡುಕುವವರಲ್ಲಿ ರೈಲಿನ ಸಮಯ ಬೇಕಾದವರು, ಚುನಾವಣೆಯ ಸುದ್ದಿ ಬೇಕಾದವರು ಎಷ್ಟು ಜನ! ಆದ್ದರಿಂದ ಒಂಟಿ ಪದ ಬೇಡ. ‘ಚನ್ನಪಟ್ಟಣ ಮರದ ಆಟಿಕೆ ಖರೀದಿ’, ‘ಒಂದು ವರ್ಷದ ಮಗುವಿಗೆ ಮರದ ಗಿಲಕಿ’ ಹೀಗೆ ಕೊಳ್ಳುವವರ ಬಾಯಿಂದ ಬರುವ ಮಾತುಗಳನ್ನು ಫ್ರೇಸ್ ಮ್ಯಾಚ್ (ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಕ್ಕೆ) ಅಥವಾ ಎಕ್ಸಾಕ್ಟ್ ಮ್ಯಾಚ್‌ನಲ್ಲಿ (ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ) ಕೊಡಿ. ಕನ್ನಡದವರಲ್ಲೇ ಬಹಳಷ್ಟು ಜನ ‘ಗೊಂಬೆ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ. ಆ ರೂಪವನ್ನೂ, ಇಂಗ್ಲಿಷ್ ಪದಗಳನ್ನೂ, ಕನ್ನಡ ಅಕ್ಷರಗಳ ರೂಪವನ್ನೂ ಸೇರಿಸಿ. ಕನ್ನಡ ಅಕ್ಷರಗಳಲ್ಲಿ ಹುಡುಕುವವರು ನನಗೆ ಸಿಕ್ಕದ್ದು ಕಡಿಮೆ, ಆದರೆ ಬಂದವರು ಕೊಂಡೇ ಹೋದರು.

ಬೇಡದ ಪದಗಳಿಗೆ ‘ನೆಗೆಟಿವ್ ಕೀವರ್ಡ್’ ಪಟ್ಟಿ ಇದೆ. ಮೊದಲ ದಿನವೇ ಉಚಿತ, ಚಿತ್ರ, ಫೋಟೊ, ಪಿಡಿಎಫ್, ಮಾಡುವ ವಿಧಾನ, ಲೇತ್ ಯಂತ್ರ, ಉದ್ಯೋಗ, ರೈಲು, ಬಸ್ಸು ಎಲ್ಲವನ್ನೂ ಅಲ್ಲಿ ಹಾಕಿ. ಏಕವಚನ ಹಾಕಿದರೆ ಬಹುವಚನವೂ ತಡೆಯಲ್ಪಡುತ್ತದೆ ಎಂದುಕೊಳ್ಳಬೇಡಿ, ಎರಡನ್ನೂ ಬರೆಯಬೇಕು. ಮೊದಲ ಎರಡು ವಾರ ದಿನವೂ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕುಳಿತು ಸರ್ಚ್ ಟರ್ಮ್ಸ್ ಓದಿ. ನನ್ನ ಪಟ್ಟಿಯಲ್ಲಿ ಈಗ 400ಕ್ಕೂ ಹೆಚ್ಚು ಬೇಡದ ಪದಗಳಿವೆ, ಒಂದೊಂದೂ ಹಣ ಕೊಟ್ಟು ಕಲಿತದ್ದು.

ಇನ್ನೊಂದು ವಿಷಯ. ಜಾಹೀರಾತಿನ ಜಾಗಕ್ಕೆ ಗೂಗಲ್ ನಡೆಸುವುದು ಹರಾಜು ನಿಜ, ಆದರೆ ಹೆಚ್ಚು ಕೂಗಿದವರಿಗೇ ಮೇಲಿನ ಜಾಗ ಎಂದಿಲ್ಲ. ಹುಡುಕಿದ ಮಾತಿಗೂ ಜಾಹೀರಾತಿಗೂ ಹೊಂದಿಕೆ ಇದೆಯೇ, ಜನ ಕ್ಲಿಕ್ ಮಾಡುವ ಸಂಭವ ಎಷ್ಟು, ಕ್ಲಿಕ್ ಮಾಡಿ ಬಂದ ಪುಟ ಉಪಯೋಗಕ್ಕೆ ಬರುತ್ತದೆಯೇ ಎಂದೂ ನೋಡುತ್ತಾರೆ. ಈ ಮೂರಕ್ಕೆ ಸೇರಿಸಿ 1ರಿಂದ 10ರವರೆಗೆ ಕ್ವಾಲಿಟಿ ಸ್ಕೋರ್ ತೋರಿಸುತ್ತಾರೆ. ಕಸೂತಿ ಸೀರೆ ಹುಡುಕಿದವರನ್ನು ನಾನು ಮೊದಲು ವೆಬ್‌ಸೈಟಿನ ಮುಖಪುಟಕ್ಕೆ ಕಳುಹಿಸುತ್ತಿದ್ದೆ. ನೇರವಾಗಿ ಕಸೂತಿ ಸೀರೆಗಳ ಪುಟಕ್ಕೇ ಕಳುಹಿಸತೊಡಗಿದ ಮೇಲೆ ಕ್ಲಿಕ್ಕಿನ ದರವೂ ಇಳಿಯಿತು, ವಿಚಾರಿಸುವವರೂ ಹೆಚ್ಚಿದರು. ಗಿಲಕಿ ಹುಡುಕಿದ ತಾಯಿಗೆ ಗಿಲಕಿಯೇ ಕಾಣಬೇಕು. ಬೆಲೆ, ಕೊರಿಯರ್ ಖರ್ಚು, ಎಷ್ಟು ದಿನದಲ್ಲಿ ತಲುಪುತ್ತದೆ, ಯಾವ ವಯಸ್ಸಿನ ಮಗುವಿಗೆ, ಇವೆಲ್ಲ ಅದೇ ಪುಟದಲ್ಲಿರಲಿ. ಮಗು ಬಾಯಿಗೆ ಹಾಕಿಕೊಳ್ಳುವ ವಸ್ತು; ಆಲೆ ಮರ, ಅರಗಿನ ಬಣ್ಣ ಎಂಬುದನ್ನು ನಿಮ್ಮ ತಂದೆ ಲೇತಿನ ಮುಂದೆ ಕುಳಿತ ಚಿತ್ರದೊಂದಿಗೆ ಹೇಳಿ. ಅದನ್ನು ಕಾರ್ಖಾನೆಯ ಪ್ಲಾಸ್ಟಿಕ್ ಮಾರುವವರು ಹೇಳಲಾರರು.

ಸಕಲೇಶಪುರದಿಂದ:

ನಮ್ಮದು ಹೋಂಸ್ಟೇ. ಅಕ್ಕ ಹೇಳಿದ್ದಕ್ಕೆ ಎರಡು ಸಂಗತಿ ಸೇರಿಸುತ್ತೇನೆ. ಜಾಹೀರಾತು ಎಲ್ಲಿ ಕಾಣಬೇಕು ಎಂದು ಕೇಳಿದ ಕಡೆ ನಾನು ಸಕಲೇಶಪುರ ಎಂದು ಕೊಟ್ಟಿದ್ದೆ, ಹೋಂಸ್ಟೇ ಇರುವುದು ಇಲ್ಲಿಯೇ ಎಂದು. ನಮ್ಮ ಅತಿಥಿಗಳು ಇರುವುದು ಬೆಂಗಳೂರಿನಲ್ಲಿ! ನೀವು ಕೊಳ್ಳುವವರ ಊರನ್ನು ಕೊಡಿ. ಅದರ ಕೆಳಗೆ ಆ ಊರಿನಲ್ಲಿ ಇರುವವರಿಗೆ ಮಾತ್ರವೋ, ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಸೇರಿಯೋ ಎಂಬ ಆಯ್ಕೆ ಇರುತ್ತದೆ. ಏನೂ ಬದಲಿಸದಿದ್ದರೆ ಎರಡೂ ಸೇರಿರುತ್ತವೆ. ಪಾರ್ಸೆಲ್ ಕಳುಹಿಸುವ ನಿಮ್ಮಂಥವರು ಮೊದಲನೆಯದನ್ನೇ ಆರಿಸಿಕೊಳ್ಳಿ. ‘ಡಿಸ್‌ಪ್ಲೇ ನೆಟ್‌ವರ್ಕ್’ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಕಾಣುವುದು), ‘ಸರ್ಚ್ ಪಾರ್ಟ್‌ನರ್ಸ್’ (ಗೂಗಲ್ ಜೊತೆಗಿರುವ ಬೇರೆ ಹುಡುಕಾಟದ ತಾಣಗಳಲ್ಲಿ ಕಾಣುವುದು) ಎಂಬಲ್ಲಿನ ಟಿಕ್ ಗುರುತುಗಳನ್ನೂ ಆರಂಭದಲ್ಲಿ ತೆಗೆದುಬಿಡಿ, ಚಿಕ್ಕ ಹಣ ಹಂಚಿಹೋಗಬಾರದು.

ಎರಡನೆಯದು, ಖಾತೆ ನಿಮ್ಮ ಇಮೇಲ್‌ನಲ್ಲೇ ಇರಲಿ. ನಮ್ಮದನ್ನು ಒಂದು ಏಜೆನ್ಸಿ ತನ್ನ ಖಾತೆಯಲ್ಲೇ ನಡೆಸಿತ್ತು. ಬಿಟ್ಟ ದಿನ ಒಂದೂವರೆ ವರ್ಷದ ಲೆಕ್ಕವೆಲ್ಲ ಅವರೊಂದಿಗೇ ಉಳಿಯಿತು, ನಾವು ಸೊನ್ನೆಯಿಂದ ಶುರುಮಾಡಿದೆವು. ಯಾರಿಗಾದರೂ ಕೆಲಸ ಕೊಟ್ಟರೆ ನಿಮ್ಮ ಖಾತೆಗೆ ಪ್ರವೇಶ ಕೊಡಿ, ಖಾತೆಯನ್ನು ಕೊಡಬೇಡಿ.

ಹಾಗೆಯೇ ನಿಮ್ಮ ಜಾಹೀರಾತು ಬರುತ್ತಿದೆಯೇ ಎಂದು ನೀವೇ ಮತ್ತೆ ಮತ್ತೆ ಹುಡುಕಬೇಡಿ. ಕಂಡೂ ಕ್ಲಿಕ್ ಆಗದ ಲೆಕ್ಕ ಬೆಳೆದು, ಅಕ್ಕ ಹೇಳಿದ ಕ್ಲಿಕ್ಕಿನ ಸಂಭವಕ್ಕೆ ಪೆಟ್ಟು ಬೀಳುತ್ತದೆ. ಅದಕ್ಕೆ ಖಾತೆಯಲ್ಲೇ ಮುನ್ನೋಟದ ಸಾಧನವಿದೆ.

ಚನ್ನಪಟ್ಟಣದಿಂದ:

ಅಕ್ಕಾ, ಸರ್, ಇಬ್ಬರಿಗೂ ಧನ್ಯವಾದಗಳು. ಒಂದು ಕ್ಲಿಕ್ಕಿಗೆ ಎಷ್ಟರವರೆಗೆ ಕೊಡಬಹುದು ಎಂಬುದೇ ತಿಳಿಯುತ್ತಿಲ್ಲ. ನಮ್ಮ ಒಂದು ಸೆಟ್ಟಿಗೆ 1,200 ರೂಪಾಯಿ. ಮರ, ಅರಗು, ಕೂಲಿ, ಡಬ್ಬಿ, ಕೊರಿಯರ್ ಕಳೆದರೆ 300 ಉಳಿಯುತ್ತದೆ.

ಇಳಕಲ್‌ನಿಂದ:

ಆ 300 ಗೊತ್ತಿದೆಯಲ್ಲ, ಅರ್ಧ ದಾರಿ ಬಂದಂತೆ. ನೂರು ಜನ ಕ್ಲಿಕ್ ಮಾಡಿ ಬಂದು ಇಬ್ಬರು ಕೊಂಡರು ಎನ್ನೋಣ. ಉಳಿಯುವುದು 600. ಅಂದರೆ ಕ್ಲಿಕ್ಕಿಗೆ 6 ರೂಪಾಯಿ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಆ ತೆರಿಗೆಯನ್ನು ಹಿಂದಕ್ಕೆ ಪಡೆಯುವವರಲ್ಲದಿದ್ದರೆ 5 ರೂಪಾಯಿಯೇ ನಿಮ್ಮ ಗಡಿ. ನೂರಕ್ಕೆ ಇಬ್ಬರೇ ಎಂಬುದು ನನ್ನ ಊಹೆ, ನಿಮ್ಮ ಸ್ವಂತ ಸಂಖ್ಯೆ ತಿಂಗಳಲ್ಲಿ ತಿಳಿಯುತ್ತದೆ.

ಅದು ತಿಳಿಯಬೇಕಾದರೆ ಕನ್ವರ್ಷನ್ ಟ್ರ್ಯಾಕಿಂಗ್, ಅಂದರೆ ಕ್ಲಿಕ್ ಮಾಡಿದವರಲ್ಲಿ ಎಷ್ಟು ಜನ ಕೊಂಡರು ಎಂದು ಎಣಿಸುವ ವ್ಯವಸ್ಥೆ, ಹಾಕಿಸಲೇಬೇಕು. ಹಣ ಕಟ್ಟಿದ ಮೇಲೆ ಬರುವ ಧನ್ಯವಾದದ ಪುಟದಲ್ಲಿ ಒಂದು ಚಿಕ್ಕ ಕೋಡ್ ಇರಬೇಕು, ವೆಬ್‌ಸೈಟ್ ಮಾಡಿದವರೇ ಹಾಕಿಕೊಡುತ್ತಾರೆ. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡಿಯೇ ಕೊಳ್ಳುವುದು. ಅದಕ್ಕೆ ಜಾಹೀರಾತಿನ ಪುಟದ ವಾಟ್ಸ್‌ಆ್ಯಪ್ ಗುಂಡಿಯಲ್ಲಿ ‘ಕಸೂತಿ ಸೀರೆ ನೋಡಿದೆ’ ಎಂಬ ಸಾಲನ್ನು ಮೊದಲೇ ತುಂಬಿಸಿಟ್ಟಿದ್ದೇನೆ. ಆ ಸಾಲಿನೊಂದಿಗೆ ಸಂದೇಶ ಬಂದರೆ ಜಾಹೀರಾತಿನಿಂದ ಬಂದವರು ಎಂದು ವಹಿಯಲ್ಲಿ ಬರೆದುಕೊಳ್ಳುತ್ತೇನೆ.

ಇನ್ನು 10,000ದ ಲೆಕ್ಕ. ತೆರಿಗೆ ಸೇರಿ ಅಷ್ಟರೊಳಗೆ ಇರಬೇಕೆಂದರೆ ದಿನಕ್ಕೆ 275 ರೂಪಾಯಿ ಎಂದು ಕೊಡಿ. ಒಂದೊಂದು ದಿನ ಅದರ ಎರಡು ಪಟ್ಟು, 550ರವರೆಗೂ ಹೋಗುತ್ತದೆ, ಗಾಬರಿಯಾಗಬೇಡಿ. ತಿಂಗಳಿಗೆ ದಿನದ ಮೊತ್ತದ 30.4 ಪಟ್ಟನ್ನು ಮೀರುವುದಿಲ್ಲ.

ಆದರೆ ನಾನಾಗಿದ್ದರೆ ಹನ್ನೆರಡು ತಿಂಗಳೂ ಒಂದೇ ಸಮ ಹಾಕುತ್ತಿರಲಿಲ್ಲ. ಈಗ ಎರಡು ತಿಂಗಳು ದಿನಕ್ಕೆ 100 ರೂಪಾಯಿಯಂತೆ ಹಾಕಿ ಪದಗಳನ್ನು ಸೋಸಿಕೊಳ್ಳಿ. ಉಳಿದದ್ದನ್ನು ದಸರಾ ಗೊಂಬೆ ಕೂರಿಸುವ ಮುಂಚಿನ ನಾಲ್ಕು ವಾರಗಳಿಗೆ ಇಟ್ಟುಕೊಳ್ಳಿ. ನಾಮಕರಣ, ಹುಟ್ಟುಹಬ್ಬದ ‘ರಿಟರ್ನ್ ಗಿಫ್ಟ್’ ಹುಡುಕುವವರಿಗೆ ಬೇರೆಯೇ ಪುಟ ಮಾಡಿ. ಅವರು ಒಂದಲ್ಲ, ನಲವತ್ತು ಐವತ್ತು ಒಟ್ಟಿಗೆ ಕೊಳ್ಳುವವರು, ಅವರ ಕ್ಲಿಕ್ಕಿಗೆ 15 ರೂಪಾಯಿ ಕೊಟ್ಟರೂ ನಿಮಗೆ ಹೊರೆಯಾಗದು.

ಮೊದಲ ವಾರದ ಸರ್ಚ್ ಟರ್ಮ್ಸ್ ಪಟ್ಟಿಯನ್ನು ಇಲ್ಲಿಗೇ ಹಾಕು ತಂಗೀ, ಯಾವ ಪದ ಇಡುವುದು, ಯಾವುದು ತೆಗೆಯುವುದು ಎಂದು ಒಟ್ಟಿಗೆ ಕುಳಿತು ನೋಡೋಣ.