ಶ್ರೀಲಂಕಾದ ದಕ್ಷಿಣ ತೀರ: ಅಮ್ಮ ಮತ್ತು ಪುಟ್ಟ ಮಗಳ ಜೊತೆ ಎಲ್ಲಿ ಉಳಿಯೋದು?

ಹಾಸನದ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಒಟ್ಟು 8 ರಾತ್ರಿ. ನಾನು, ಗಂಡ, 6 ವರ್ಷದ ಮಗಳು, ಜೊತೆಗೆ 67 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು, ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟ. ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ. ಬೆಂಗಳೂರಿಂದ ವಿಮಾನದ ಟಿಕೆಟ್ ಆಗಿದೆ, ಇಳಿಯುವುದು ರಾತ್ರಿ 11ರ ಮೇಲೆ. ಉಳಿಯುವ ಜಾಗ ಮಾತ್ರ ಒಂದೂ ಗೊತ್ತು ಮಾಡಿಲ್ಲ.

ಈಗ ಬರೆದಿಟ್ಟುಕೊಂಡಿರುವುದು ಹೀಗಿದೆ: ನೆಗೊಂಬೊ 1, ಬೆಂಟೋಟ 2, ಹಿಕ್ಕಡುವ 1, ಗಾಲ್ 1, ಮಿರಿಸ್ಸ 2, ತಂಗಲ್ಲೆ 1. ನಮಗೆ ದೇವಸ್ಥಾನ, ಕಾಡು, ಬೆಟ್ಟ ಏನೂ ಬೇಡ. ಸಮುದ್ರ ಸಾಕು. ಮಗಳು ನೀರಲ್ಲಿ ಆಡಬೇಕು, ಅಮ್ಮ ನೆರಳಲ್ಲಿ ಕೂತು ಅದನ್ನು ನೋಡಬೇಕು. ಅಷ್ಟೇ ಆಸೆ. ರಾತ್ರಿಗೆ ನಮ್ಮ ದುಡ್ಡಲ್ಲಿ 5 ಸಾವಿರದ ಆಸುಪಾಸು ಕೊಡಬಹುದು.

ಇಷ್ಟೊಂದು ವಿಚಾರ ಮಾಡುತ್ತಿರುವುದಕ್ಕೆ ಕಾರಣ ಇದೆ. ಹೋದ ವರ್ಷ ಗೋವಾದಲ್ಲಿ ಸಮುದ್ರ ಕಾಣುವ ಕೋಣೆ ಅಂತ ಓದಿ ಒಂದು ಕಡೆ ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಸಮುದ್ರ ಕಾಣುವುದು ಟೆರೇಸ್ ಮೇಲಿಂದ, ಅಲ್ಲಿಗೆ 40 ಮೆಟ್ಟಿಲು. ಮೂರು ದಿನದಲ್ಲಿ ಅಮ್ಮ ಒಂದು ಸಲವೂ ಮೇಲೆ ಬರಲಿಲ್ಲ. ನೀವೆಲ್ಲ ಹೋಗಿ ಬನ್ನಿ ಅಂತ ಕೆಳಗೇ ಕೂತಿದ್ದರು. ಈ ಸಲ ಹಾಗಾಗಬಾರದು.

ಕುಂದಾಪುರ_ಕಡಲು:

ಮೊದಲು ಆ ಪಟ್ಟಿ ಹರಿದು ಹಾಕಿ. 8 ರಾತ್ರಿಗೆ 6 ಊರು ಅಂದರೆ ರಜೆ ಪೂರ್ತಿ ಪೆಟ್ಟಿಗೆ ಕಟ್ಟುವುದೇ ಆಗುತ್ತದೆ. ಬೆಳಿಗ್ಗೆ 11ಕ್ಕೆ ಕೋಣೆ ಬಿಡಿ ಅನ್ನುತ್ತಾರೆ, ಮುಂದಿನ ಕಡೆ 2 ಗಂಟೆಗೆ ಮುಂಚೆ ಒಳಗೆ ಬಿಡುವುದಿಲ್ಲ, ನಡುವೆ ಮಂಡಿ ನೋವಿನ ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ? ಎರಡು ಊರು ಸಾಕು. ಬಂದ ರಾತ್ರಿ ನೆಗೊಂಬೊ ಹೇಗೂ ಬೇಕು, ವಿಮಾನ ನಿಲ್ದಾಣ ಅಲ್ಲೇ ಹತ್ತಿರ.

ಎರಡನೇ ಮಾತು. ಎಲ್ಲರೂ ಹೋಟೆಲ್ ಫೋಟೊ ನೋಡಿ ಊರು ಆರಿಸುತ್ತಾರೆ. ಮಗು ನೀರಿಗಿಳಿಯಬೇಕು ಅಂದರೆ ಮೊದಲು ನೀರು ನೋಡಬೇಕು. ನಮ್ಮ ಊರ ಕಡೆಯೂ ಅಷ್ಟೇ ಅಲ್ವಾ, ಮರವಂತೆ ನೋಡೋಕೆ ಚಂದ, ಆದರೆ ಅಲ್ಲಿ ಮಗುವನ್ನು ನೀರಿಗೆ ಬಿಡೋಕೆ ಧೈರ್ಯ ಬರಲ್ಲ. ಲಂಕಾದ ದಕ್ಷಿಣದಲ್ಲಿ ದಂಡೆ ನೆಟ್ಟಗೆ ಉದ್ದಕ್ಕೆ ಇರುವ ಕಡೆ ಅಲೆ ನೇರ ಬಂದು ಬಡಿಯುತ್ತದೆ, ಒಳಗೆ ಸೆಳೆತ ಇರುತ್ತದೆ. ಕೊಲ್ಲಿಯ ಹಾಗೆ ಬಾಗಿರುವ ಕಡೆ, ಅಥವಾ ಮುಂದೆ ಹವಳದ ದಿಬ್ಬ ಇರುವ ಕಡೆ, ಅಲೆ ದೂರದಲ್ಲೇ ಒಡೆದು ಒಳಗೆ ಕೆರೆಯ ಹಾಗೆ ನೀರು ನಿಲ್ಲುತ್ತದೆ. ಉನವಟುನ ಕೊಲ್ಲಿ ಹಾಗಿದೆ. ಮಾತರ ಪಕ್ಕದ ಪೊಲ್ಹೇನ ಇನ್ನೂ ಚೆನ್ನಾಗಿದೆ.

ಕೂತಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ಹಾಕಿ, ನೀವು ನೋಡಿದ ಹೋಟೆಲ್ ಮುಂದಿನ ನೀರನ್ನು ದೊಡ್ಡದು ಮಾಡಿ. ನೊರೆಯ ಬಿಳಿ ಗೆರೆ ದಂಡೆಗೆ ಅಂಟಿಕೊಂಡೇ ಇದ್ದರೆ ಅಲ್ಲಿ ಅಲೆ ಕಾಲಬುಡದಲ್ಲೇ ಒಡೆಯುತ್ತಿದೆ ಅಂತ ಅರ್ಥ. ಗೆರೆ ದೂರದಲ್ಲಿದ್ದು, ಒಳಗೆ ತಿಳಿ ಹಸಿರು ನೀರು ಕಂಡರೆ ಮಗುವಿಗೆ ಅದೇ ಜಾಗ. ನಾನು ಎಲ್ಲಿ ಹೋದರೂ ಹೀಗೆ ನೋಡಿಯೇ ಕೋಣೆ ಹಿಡಿಯುವುದು. ಹವಳ ಇರುವ ಕಡೆ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಸಿ, ಕಲ್ಲು ತುಂಬಾ ಚೂಪು.

ತಿಂಗಳು ಸರಿಯಾಗಿ ಆರಿಸಿದ್ದೀರಿ. ನಮಗೆ ಮಳೆ ತರುವ ನೈರುತ್ಯ ಮಾರುತವೇ ಅವರ ಪಶ್ಚಿಮ, ದಕ್ಷಿಣ ತೀರಕ್ಕೂ ಬಡಿಯುತ್ತದೆ, ಮೇ ತಿಂಗಳಿಂದ ಸೆಪ್ಟೆಂಬರ್ ತನಕ. ಆಗ ಹೋಗುವವರು ಪೂರ್ವದ ಕಡೆ ನಿಲಾವೇಲಿ, ಪಾಸಿಕುಡ ನೋಡಬೇಕು. ಫೆಬ್ರವರಿಗೆ ದಕ್ಷಿಣವೇ ಸರಿ.

ದಾವಣಗೆರೆ_ಟು_ಕೊಲಂಬೊ:

ನಾನು ಇಲ್ಲಿ 4 ವರ್ಷದಿಂದ ಕೆಲಸದಲ್ಲಿದ್ದೇನೆ. ಮೇಲಿನವರು ನೀರಿನ ಬಗ್ಗೆ ಹೇಳಿದ್ದು ಸರಿ. ನಾನು ಹಿಂಬದಿಯ ಬಗ್ಗೆ ಹೇಳುತ್ತೇನೆ.

ಕೊಲಂಬೊದಿಂದ ಗಾಲ್ ಕಡೆ ಹೋಗುವ ಹಳೇ ರಸ್ತೆ ಮತ್ತು ರೈಲು ಹಳಿ ಎರಡೂ ಸಮುದ್ರದ ಪಕ್ಕದಲ್ಲೇ ಓಡುತ್ತವೆ. ಹಿಕ್ಕಡುವದಲ್ಲಂತೂ ದಂಡೆ, ಒಂದು ಸಾಲು ಹೋಟೆಲ್, ತಕ್ಷಣ ರಸ್ತೆ. ಬಸ್ಸುಗಳು ಹೇಗೆ ಹಾರ್ನ್ ಹೊಡೆಯುತ್ತವೆ ಅಂದರೆ ಕಿಟಕಿ ಮುಚ್ಚಿದರೂ ನಿದ್ದೆ ಬರಲ್ಲ. ಹಾಗಾಗಿ ಎರಡು ವಿಷಯ ನೋಡಿ. ಹೋಟೆಲ್ ರಸ್ತೆಯ ಯಾವ ಮಗ್ಗುಲಲ್ಲಿದೆ? ದಂಡೆಗೆ 50 ಮೀಟರ್ ಅಂತ ಬರೆದಿರುತ್ತಾರೆ, ಆ 50 ಮೀಟರ್ ನಡುವೆ ಗಾಲ್ ರಸ್ತೆ ಇದೆ ಅಂತ ಬರೆದಿರಲ್ಲ. ಮಗು ಮತ್ತು ಅಮ್ಮನ ಕೈ ಹಿಡಿದು ಆ ರಸ್ತೆಯನ್ನು ದಿನಕ್ಕೆ ನಾಲ್ಕು ಸಲ ದಾಟುವುದು ಬೇಡವೇ ಬೇಡ. ಇನ್ನೊಂದು, ನಿಮಗೆ ಕೊಡುವ ಕೋಣೆ ಸಮುದ್ರದ ಕಡೆಯದ್ದೋ ರಸ್ತೆಯ ಕಡೆಯದ್ದೋ. ಕೇಳಿ ಬರೆಸಿಕೊಳ್ಳಿ.

ಉನವಟುನದಲ್ಲಿ ಈ ತೊಂದರೆ ಕಡಿಮೆ. ಮುಖ್ಯ ರಸ್ತೆ ಬಿಟ್ಟು ಒಳದಾರಿಯಲ್ಲಿ ಹೋಗಬೇಕು, ಬಸ್ಸಿನ ಗಲಾಟೆ ಅಲ್ಲಿಗೆ ಬರಲ್ಲ. ಗಾಲ್ ಪಟ್ಟಣ ಅಲ್ಲಿಂದ 5-6 ಕಿಲೋಮೀಟರ್. ಕರಾಪಿಟಿಯದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯೂ ಇದೆ, ವಯಸ್ಸಾದವರ ಜೊತೆ ಬರುವಾಗ ಇದು ಗೊತ್ತಿರಲಿ.

ನೆಗೊಂಬೊದಿಂದ ಕಾರು ಮಾಡಿಕೊಂಡು ಎಕ್ಸ್‌ಪ್ರೆಸ್ ರಸ್ತೆಯಲ್ಲೇ ಬನ್ನಿ, ಎರಡೂವರೆ ಗಂಟೆಗೆ ಗಾಲ್ ಸೇರಬಹುದು. ರೈಲು ಚಂದ, ಆದರೆ ಹತ್ತುವ ಮೆಟ್ಟಿಲು ಎತ್ತರ, ಜನ ಜಾಸ್ತಿ. ಮಗಳಿಗೆ ತೋರಿಸಲೇಬೇಕು ಅಂದರೆ ಕೊನೆಯ ದಿನ ಕೊಲಂಬೊ ಕೋಟೆ ನಿಲ್ದಾಣದಿಂದ ಮೌಂಟ್ ಲವೀನಿಯಾ ತನಕ ಕರೆದುಕೊಂಡು ಹೋಗಿ. ಬಲಗಡೆ ಕೂರಬೇಕು. ಹಳಿಯ ಪಕ್ಕದ ಕರಿ ಬಂಡೆಗೆ ಅಲೆ ಹೊಡೆಯುವುದು ಕಿಟಕಿಯಿಂದಲೇ ಕಾಣುತ್ತದೆ.

ಇನ್ನು ದುಡ್ಡು. ಬುಕಿಂಗ್ ತಾಣದಲ್ಲಿ ಮೊದಲು ಕಾಣುವ ಬೆಲೆಯೇ ಕೊನೆಯ ಬೆಲೆ ಅಂದುಕೊಳ್ಳಬೇಡಿ. ದೊಡ್ಡ ಹೋಟೆಲುಗಳಲ್ಲಿ ಶೇಕಡಾ 10 ಸೇವಾ ಶುಲ್ಕ, ಅದರ ಮೇಲೆ ಶೇಕಡಾ 18 ವ್ಯಾಟ್ ಸೇರುತ್ತದೆ. ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಸಾಮಾನ್ಯವಾಗಿ ಹೇಳಿದ್ದೇ ಬೆಲೆ, ಆದರೆ ಕೆಲವರು ಎಸಿ ಹಾಕಿದರೆ ಬೇರೆ ದುಡ್ಡು ಕೇಳುತ್ತಾರೆ. ಹುಣ್ಣಿಮೆ ಯಾವತ್ತು ಬೀಳುತ್ತದೆ ಅಂತಲೂ ನೋಡಿಕೊಳ್ಳಿ. ಇಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಅಂದರೆ ರಜೆ. ಅದು ವಾರಾಂತ್ಯಕ್ಕೆ ಅಂಟಿಕೊಂಡರೆ ಕೊಲಂಬೊ ಜನವೆಲ್ಲ ಸಮುದ್ರದ ಕಡೆ ಬರುತ್ತಾರೆ, ಕೋಣೆಗೆ ಬೆಲೆ ಏರುತ್ತದೆ.

ಹಿಕ್ಕಡುವದಲ್ಲಿ ಉಳಿಯದಿದ್ದರೂ, ಅದರ ಹತ್ತಿರದ ಪೆರಲಿಯದಲ್ಲಿ ಹತ್ತು ನಿಮಿಷ ನಿಲ್ಲಿಸಿ. 2004ರ ಸುನಾಮಿಯಲ್ಲಿ ತುಂಬಿದ ರೈಲು ಕೊಚ್ಚಿಹೋದ ಜಾಗ ಅದು. ಸಾವಿರಕ್ಕೂ ಹೆಚ್ಚು ಜನ ಹೋದರು. ಈಗ ಎತ್ತರದ ಬುದ್ಧ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಾನೆ. ನನ್ನ ಅಪ್ಪ ಬಂದಾಗ ಅಲ್ಲಿ ಮಾತಾಡದೆ ಬಹಳ ಹೊತ್ತು ನಿಂತಿದ್ದರು.

ಶಿರಸಿ_ಹೆಗಡೆ:

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಾವೂ ಸಸ್ಯಾಹಾರಿಗಳು, ಹೋಗಿ ಬಂದಿದ್ದೇವೆ, ಉಳಿಯುವ ಜಾಗ ಆರಿಸುವಾಗ ಇದೇ ದೊಡ್ಡ ವಿಷಯ ಆಗುತ್ತದೆ.

ಲಂಕಾದಲ್ಲಿ ತರಕಾರಿ ಅಡುಗೆಗೆ ಕೊರತೆ ಇಲ್ಲ. ತೊಂದರೆ ಇರುವುದು ಉಂಬಲಕಡದಲ್ಲಿ. ಅದು ಒಣಗಿಸಿದ ಮೀನಿನ ಪುಡಿ. ತೆಂಗಿನಕಾಯಿ ಸಂಬೋಲಕ್ಕೆ, ಅಂದರೆ ಅವರ ಕಾಯಿ ಚಟ್ನಿಗೆ, ಹಾಕುತ್ತಾರೆ, ಎಷ್ಟೋ ಪಲ್ಯಕ್ಕೂ ಹಾಕುತ್ತಾರೆ, ಅವರ ಲೆಕ್ಕದಲ್ಲಿ ಅದು ಮಸಾಲೆ. ಬರೀ ತರಕಾರಿ ಸಾಕು ಅಂದರೂ ಅದು ಬಂದುಬಿಡುತ್ತದೆ, ಮೋಸ ಅಂತ ಅಲ್ಲ. ಉಂಬಲಕಡ ಎಪಾ, ಅಂದರೆ ಬೇಡ, ಅಂತ ಹೆಸರು ಹಿಡಿದೇ ಹೇಳಬೇಕು. ದೊಡ್ಡ ಹೋಟೆಲಿನ ಬಫೆಯಲ್ಲಿ ಯಾರನ್ನು ಕೇಳುತ್ತೀರಿ? ಅದಕ್ಕೇ ನಾನು ಹೇಳುವುದು, ಮನೆಯವರೇ ಅಡುಗೆ ಮಾಡುವ ಗೆಸ್ಟ್‌ಹೌಸ್ ಹಿಡಿಯಿರಿ, ಬುಕ್ ಮಾಡುವ ಮುಂಚೆಯೇ ಮೆಸೇಜ್ ಹಾಕಿ ಕೇಳಿ. ಅವರು ಕೊಡುವ ಉತ್ತರದಲ್ಲೇ ಮನೆ ಹೇಗಿದೆ ಅಂತ ಗೊತ್ತಾಗುತ್ತದೆ.

ವೆಲಿಗಮದಲ್ಲಿ ನಾವು ಉಳಿದ ಮನೆಯಲ್ಲಿ ಆ ಅಜ್ಜಿ ನನ್ನ ಹೆಂಡತಿಯನ್ನು ಅಡುಗೆಮನೆಗೇ ಕರೆದರು. ತುರಿಮಣೆ ನಮ್ಮದರ ಹಾಗೇ. ಕಾಯಿ ತುರಿದು, ಒಣಮೆಣಸು, ಉಪ್ಪು, ಈರುಳ್ಳಿ ಹಾಕಿ ಕಲ್ಲಲ್ಲಿ ಜಜ್ಜಿ, ನಿಂಬೆಹಣ್ಣು ಹಿಂಡಿದರು. ಮೀನಿನ ಡಬ್ಬಿ ತೆಗೆದು ತೋರಿಸಿ ಇದು ಹಾಕಲ್ಲ ಅಂತ ಕೈಸನ್ನೆ ಮಾಡಿ ಮತ್ತೆ ಕಪಾಟಿನಲ್ಲಿಟ್ಟರು. ಅವರ ಗೊಟುಕೊಲ ನಮ್ಮ ಒಂದೆಲಗವೇ. ನಾವು ತಂಬುಳಿ ಮಾಡುತ್ತೇವೆ, ಅವರು ಸಣ್ಣಗೆ ಹೆಚ್ಚಿ ಕಾಯಿ ಸೇರಿಸಿ ಹಸಿಯಾಗೇ ತಿನ್ನುತ್ತಾರೆ. ಬೆಳಿಗ್ಗೆ ಶಾವಿಗೆ, ತೊವ್ವೆ. ಎಳೆ ಹಲಸಿನ ಪಲ್ಯ. ಮಣ್ಣಿನ ಮಡಕೆಯಲ್ಲಿ ಎಮ್ಮೆ ಮೊಸರು, ಮೇಲೆ ಬೈನೆ ಮರದ ಬೆಲ್ಲದ ಪಾಕ. ನಿಮ್ಮ ಅಮ್ಮನಿಗೆ ಇದಕ್ಕಿಂತ ಒಗ್ಗುವ ಊಟ ಹೊರದೇಶದಲ್ಲಿ ಸಿಗುವುದು ಕಷ್ಟ. ಆಪ್ಪದ ಹಿಟ್ಟಿಗೆ ಮೊಟ್ಟೆ ಇರಲ್ಲ, ಮೊಟ್ಟೆ ಆಪ್ಪವೇ ಬೇರೆ, ಆದರೂ ಕೇಳಿ ತಿನ್ನಿ.

ಎರಡು_ಮಕ್ಕಳ_ಅಪ್ಪ:

ಉನವಟುನ ಬಗ್ಗೆ ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ನೀರು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ದಂಡೆ ಕಿರಿದು, ಹೋಟೆಲ್ ಕುರ್ಚಿಗಳು ನೀರಿನ ತನಕ ಬಂದಿವೆ, ಸಂಜೆ ಹಾಡು ಜೋರು. ಅಮ್ಮನಿಗೆ ಶಾಂತಿ ಬೇಕಾದರೆ ಪೊಲ್ಹೇನ ನೋಡಿ. ಅಲ್ಲಿ ಲಂಕಾದವರೇ ಕುಟುಂಬ ಸಮೇತ ಬಂದು ಸೊಂಟದ ಮಟ್ಟದ ನೀರಲ್ಲಿ ಕೂತಿರುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಆಮೆ ಬರುತ್ತದೆ. ನನ್ನ ಮಗ ಮೊದಲ ಸಲ ಆಮೆ ನೋಡಿದ್ದು ಅಲ್ಲೇ, ತಲೆ ಎತ್ತಿ ಉಸಿರು ಬಿಟ್ಟು ಮತ್ತೆ ಮುಳುಗಿತು, ಅವನು ಅರ್ಧ ಗಂಟೆ ಅದೇ ಜಾಗ ನೋಡುತ್ತಾ ನಿಂತಿದ್ದ. ಭಾನುವಾರ ಮಾತ್ರ ಅಲ್ಲಿ ಜನ ಜಾಸ್ತಿ.

ತಂಗಲ್ಲೆ ಕೈಬಿಡಿ, ದಯವಿಟ್ಟು. ಮೊದಲ ಸಲ ಹೋದಾಗ ಫೋಟೊ ನೋಡಿ ಅಲ್ಲಿ ಒಂದು ಕಾಟೇಜ್ ಹಿಡಿದಿದ್ದೆ. ಬಂಗಾರದ ಬಣ್ಣದ ಮರಳು, ತೆಂಗಿನ ಮರ, ಒಬ್ಬರೂ ಇಲ್ಲ. ಯಾಕೆ ಒಬ್ಬರೂ ಇಲ್ಲ ಅಂತ ಹೋದ ಮೇಲೆ ಅರ್ಥವಾಯಿತು. ಅಲೆ ಅಷ್ಟು ಜೋರು. ಮೂರು ದಿನವೂ ಕೆಂಪು ಬಾವುಟ, ಮಕ್ಕಳಿಬ್ಬರೂ ಮೊಣಕಾಲು ಒದ್ದೆ ಮಾಡಿಕೊಂಡಿದ್ದಷ್ಟೇ. ಬುಕ್ ಮಾಡುವಾಗ ಮಕ್ಕಳು ಈಜಬಹುದಾ ಅಂತ ಕೇಳಿದ್ದಕ್ಕೆ ಧಾರಾಳವಾಗಿ ಅಂದಿದ್ದರು. ಇಬ್ಬರೇ ಹೋಗುವವರಿಗೆ ಅದು ಒಳ್ಳೆ ಜಾಗ, ಮಕ್ಕಳಿಗಲ್ಲ.

ಮಿರಿಸ್ಸಕ್ಕೆ ಜನ ಹೋಗುವುದು ನೀಲಿ ತಿಮಿಂಗಿಲಕ್ಕೆ. ನವೆಂಬರ್‌ನಿಂದ ಏಪ್ರಿಲ್ ತನಕ ಅದರ ಕಾಲ. ದೋಣಿ ಬೆಳಗಿನ ಜಾವವೇ ಹೊರಡುತ್ತದೆ, ನಾಲ್ಕೈದು ಗಂಟೆ ತೆರೆದ ಸಮುದ್ರ, ವಾಂತಿ ಆಗುವವರೇ ಜಾಸ್ತಿ. ಗಂಡ ಒಬ್ಬರೇ ಹೋಗಿ ಬರಲಿ. ಅದಕ್ಕಾಗಿ ಮಿರಿಸ್ಸದಲ್ಲೇ ಉಳಿಯಬೇಕಿಲ್ಲ. ಪೊಲ್ಹೇನದಿಂದ ಆಟೋದಲ್ಲಿ ಬೇಗ ಹೋಗಬಹುದು.

ಹಾಸನದ_ಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಗಂಡ ಹೆಂಡತಿ ಕೂತು ಮ್ಯಾಪ್‌ನಲ್ಲಿ ಬಿಳಿ ಗೆರೆ ಹುಡುಕಿದೆವು. ಬೆಂಟೋಟದಲ್ಲಿ ನಾನು ಇಷ್ಟಪಟ್ಟಿದ್ದ ಹೋಟೆಲ್ ಮುಂದೆ ಗೆರೆ ದಂಡೆಗೇ ಅಂಟಿತ್ತು, ಬಿಟ್ಟೆವು. ಈಗ ಹೀಗೆ: ನೆಗೊಂಬೊ 1, ಉನವಟುನ 3, ಪೊಲ್ಹೇನ 3, ಕೊನೆಗೆ ಮೌಂಟ್ ಲವೀನಿಯಾ 1. ಗಾಲ್ ಕೋಟೆಗೆ ಉನವಟುನದಿಂದ ಒಂದು ಸಂಜೆ ಹೋಗಿ ಬಂದರೆ ಸಾಕು ಅಲ್ವಾ?

ಕುಂದಾಪುರ_ಕಡಲು:

ಸಾಕು. ಡಚ್ಚರು ಕಟ್ಟಿದ ಗೋಡೆಯ ಮೇಲೆ ಸೂರ್ಯ ಮುಳುಗುವ ಹೊತ್ತು ನಡೆಯಿರಿ, ಒಮ್ಮೆ ಮೇಲೆ ಹೋದರೆ ದಾರಿ ಹೆಚ್ಚುಕಡಿಮೆ ಸಮ ಇದೆ, ಮಗಳ ಕೈ ಮಾತ್ರ ಬಿಡಬೇಡಿ, ಅಂಚಿಗೆ ಎಲ್ಲ ಕಡೆ ತಡೆ ಇಲ್ಲ. ಉನವಟುನದ ಪಕ್ಕದ ಗುಡ್ಡ ರುಮಸ್ಸಲವನ್ನು ಅಮ್ಮನಿಗೆ ತೋರಿಸಿ. ಹನುಮಂತ ಸಂಜೀವಿನಿ ಬೆಟ್ಟ ತರುವಾಗ ಒಂದು ಚೂರು ಅಲ್ಲಿ ಬಿತ್ತು ಅಂತ ಅಲ್ಲಿಯವರು ಹೇಳುತ್ತಾರೆ. ಮೇಲಿನ ಬಿಳಿ ಸ್ತೂಪದ ಹತ್ತಿರದ ತನಕ ಆಟೋ ಹೋಗುತ್ತದೆ.

ಕೋಣೆ ಗೊತ್ತು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಕೋಣೆಯ ಫೋಟೊ ಕೇಳಬೇಡಿ, ಅದು ತಾಣದಲ್ಲೇ ಇದೆ. ಕೋಣೆಯ ಬಾಗಿಲಿಂದ ಮರಳಿನ ತನಕ ನಡೆಯುವ ದಾರಿಯ ಫೋಟೊ ಕೇಳಿ.

ಹಾಸನದ_ಹುಡುಗಿ:

ಕೇಳಿದೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಪೊಲ್ಹೇನದ ಒಬ್ಬರು ಇವತ್ತು ಬೆಳಿಗ್ಗೆ ವಿಡಿಯೊನೇ ಕಳಿಸಿದ್ದಾರೆ. ನೆಲಮಟ್ಟದ ಕೋಣೆ, ಅಂಗಳ, ಆಮೇಲೆ ಮೂರೇ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಬಿದಿರಿನ ಗಳ, ಅದರಾಚೆ ಮರಳು. ಒಂದು ಮರದ ಕೆಳಗೆ ಕುರ್ಚಿ ಹಾಕಿ ಅದನ್ನೂ ತೋರಿಸಿದ್ದಾರೆ. ಮೀನಿನ ಪುಡಿ ಹಾಕದೆ ಅಡುಗೆ ಮಾಡುತ್ತೇವೆ ಅಂತಲೂ ಬರೆದಿದ್ದಾರೆ. ಅಮ್ಮನಿಗೆ ಫೋನ್ ಕೊಟ್ಟೆ. ಎರಡು ಸಲ ನೋಡಿದರು. ಆ ಕುರ್ಚಿಗೆ ಮಧ್ಯಾಹ್ನ ಬಿಸಿಲು ಬರುತ್ತಾ ಕೇಳು ಅಂದರು.