ಹಿಮಾಲಯನ್ 411: ಫಿಲ್ಟರ್, ಸೈಲೆನ್ಸರ್ ಬದಲಾಯಿಸಿದ ಮೇಲೆ ಮ್ಯಾಪ್ ಸರಿಯಾಗ್ತಾ ಇಲ್ಲ

ಕುಂಬಳೆ_411

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6. ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬಿ) ತೆಗೆದು ಕೋನ್ ಫಿಲ್ಟರ್, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಬೆಂಡ್ ಪೈಪ್ (ಇಂಜಿನ್‌ನಿಂದ ಸೈಲೆನ್ಸರಿಗೆ ಹೋಗುವ ಪೈಪ್), ಗಿಡ್ಡ ಸೈಲೆನ್ಸರ್ ಹಾಕಿ ಆಗಿದೆ. ಅದರೊಳಗೆ ಶಬ್ದ ತಗ್ಗಿಸುವ ಡಿಬಿ ಕಿಲ್ಲರ್ ಇಲ್ಲ. ಕಂಪನಿ ಇಸಿಯು (ಇಂಜಿನ್ ಕಂಪ್ಯೂಟರ್) ಕೊಡುವ ಪೆಟ್ರೋಲನ್ನು ತಿದ್ದುವ ಪಿಗ್ಗಿಬ್ಯಾಕ್ ಬಾಕ್ಸ್ ಉಂಟು, ಅದರಲ್ಲಿ ಬಂದ ರೆಡಿ ಮ್ಯಾಪೇ (ಯಾವ ಆರ್‌ಪಿಎಂ, ಥ್ರಾಟಲಿಗೆ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ಇರುವುದು.

3000ದಿಂದ 4000 ಆರ್‌ಪಿಎಂ ನಡುವೆ ಎಳೆತ ಮೊದಲಿಗಿಂತ ಕಮ್ಮಿ. ಥ್ರಾಟಲ್ ಬಿಟ್ಟ ಕೂಡಲೇ ಪಟಪಟ ಅಂತದೆ. ಎಲ್ಲಾ ಕಡೆ 8% ಪೆಟ್ರೋಲ್ ಹೆಚ್ಚು ಮಾಡಿದ್ರೆ ಮೊದಲಿಗೆ ಸರಿ ಆದ ಹಾಗೆ ಕಾಣ್ತದೆ, ಆಮೇಲೆ ಪುನಃ ಹಿಂದಿನ ಹಾಗೇ. ಇನ್ನೂ ಹೆಚ್ಚು ಕೊಡುವುದಾ, ಅಲ್ಲ ಬೇರೆ ಎಂತಾದ್ರೂ ನೋಡುವುದುಂಟಾ?

ಪೆರ್ಲ_ಸ್ಪ್ಯಾನರ್

ಹೆಚ್ಚು ಕೊಡಬೇಡಿ. ಆ 8% ಅನ್ನು ಮೊದಲು 0 ಮಾಡಿ.

ಐಡಲ್‌ನಲ್ಲಿ, ಒಂದೇ ವೇಗದಲ್ಲಿ ಹದವಾಗಿ ಹೋಗುವಾಗ ಕಂಪನಿ ಇಸಿಯು ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕೆಲಸ ಮಾಡ್ತದೆ, ಇದಕ್ಕೇ ಕ್ಲೋಸ್ಡ್ ಲೂಪ್ ಅನ್ನುವುದು. ಸೆನ್ಸರ್ ವೋಲ್ಟೇಜ್ 0.1ರಿಂದ 0.9ರ ನಡುವೆ ಏರಿಳಿಯುತ್ತಾ ಇರಬೇಕು, 0.45ರ ಆಚೆ ಈಚೆ. ನೀವು ಅಲ್ಲಿ 8% ಕೊಟ್ಟರೆ ಇಸಿಯುಗೆ ರಿಚ್ (ಪೆಟ್ರೋಲ್ ಜಾಸ್ತಿ) ಅಂತ ಕಾಣ್ತದೆ, ಅಷ್ಟನ್ನೇ ಅದು ವಾಪಸ್ ಕಡಿಮೆ ಮಾಡ್ತದೆ. ಸ್ವಲ್ಪ ಓಡಿದ ಮೇಲೆ ಹಿಂದಿನ ಹಾಗೇ ಆಗುವುದು ಅದಕ್ಕೇ. ಈ ಕಡಿತವನ್ನು ನೆನಪಿಟ್ಟುಕೊಳ್ಳುವ ಇಸಿಯುಗಳು ಅದನ್ನು ಸೆನ್ಸರ್ ನೋಡದ ಜಾಗಕ್ಕೂ, ಅಂದರೆ ಫುಲ್ ಥ್ರಾಟಲ್‌ಗೂ, ಹಾಕಿಬಿಡ್ತವೆ. ಪೆಟ್ರೋಲ್ ನಿಜವಾಗಿ ಬೇಕಾದಲ್ಲೇ ಕಡಿಮೆ ಆಗುವುದು ಹೀಗೆ.

ಮ್ಯಾಪಿಗೆ ಕೈ ಹಾಕುವ ಮೊದಲು ಲೀಕ್ ನೋಡಿ. ಹೆಡ್ ಹತ್ತಿರದ ಎಕ್ಸಾಸ್ಟ್ ಗ್ಯಾಸ್ಕೆಟ್ ಒಮ್ಮೆ ಒತ್ತಿ ಚಪ್ಪಟೆ ಆದರೆ ಮುಗೀತು. ಬೆಂಡ್ ಪೈಪ್ ಬಿಚ್ಚಿದಾಗಲೆಲ್ಲ ಹೊಸತೇ ಹಾಕಬೇಕು. ಎರಡು ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಮಾಡಿ, ಕೊನೆಗೆ ಮ್ಯಾನುಯಲ್‌ನಲ್ಲಿರುವ ಟಾರ್ಕ್. ಆಮೇಲೆ ಇಂಜಿನ್ ತಣ್ಣಗಿರುವಾಗ ಜಾಯಿಂಟಿಗೆ ಸಾಬೂನು ನೀರು ಹಾಕಿ ಸ್ಟಾರ್ಟ್ ಮಾಡಿ. ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಒಂದು ಗಳಿಗೆ ಒತ್ತಿ ಹಿಡಿದರೆ ಲೀಕ್ ಇದ್ದಲ್ಲಿ ಗುಳ್ಳೆ ಬರ್ತದೆ. ಸೆನ್ಸರಿಗಿಂತ ಮೊದಲು ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಹೋಗಿ ಇಸಿಯುಗೆ ಲೀನ್ (ಪೆಟ್ರೋಲ್ ಕಮ್ಮಿ) ಅಂತ ಸುಳ್ಳು ಲೆಕ್ಕ ಸಿಗ್ತದೆ, ಪಟಪಟವೂ ಅಲ್ಲಿಂದಲೇ.

ಇನ್‌ಟೇಕ್ ಕಡೆ ಥ್ರಾಟಲ್ ಬಾಡಿಯ ರಬ್ಬರ್ ಬೂಟ್ ನೋಡಿ. ಐಡಲ್‌ನಲ್ಲಿ ಅದರ ಸುತ್ತ ನೀರು ಸಿಂಪಡಿಸಿದಾಗ ಆರ್‌ಪಿಎಂ ಕುಸಿದರೆ ಬಿರುಕು ಉಂಟು ಅಂತ ಲೆಕ್ಕ. ಕಾರ್ಬ್ ಕ್ಲೀನರ್‌ನಿಂದ ಬೇಗ ಗೊತ್ತಾಗ್ತದೆ, ಆದರೆ ಬಿಸಿ ಪೈಪಿನ ಮೇಲೆ ಬಿದ್ದರೆ ಬೆಂಕಿ.

ಹೊಸೂರು_ಡೈನೋ

ಪೆರ್ಲದವರು ಹೇಳಿದ್ದು ಮುಗಿಸಿದ ಮೇಲೆ ಅಳತೆ. ಕಿವಿಯಲ್ಲಿ, ಪ್ಲಗ್ ಬಣ್ಣದಲ್ಲಿ ಮ್ಯಾಪ್ ಮಾಡಕ್ಕಾಗಲ್ಲ. ಈಗಿನ ಪೆಟ್ರೋಲ್‌ಗೆ ಪ್ಲಗ್ ಸ್ವಲ್ಪ ಬಿಳಿ ಇದ್ರೂ ಮಿಶ್ರಣ ಸರಿಯಾಗೇ ಇರಬಹುದು.

ಮಿಶ್ರಣ ಎಷ್ಟು ರಿಚ್, ಎಷ್ಟು ಲೀನ್ ಅಂತ ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಬಾಷ್ ಎಲ್‌ಎಸ್‌ಯು 4.9 ಮತ್ತು ಅದರ ಕಂಟ್ರೋಲರ್. ಬೆಂಡ್ ಪೈಪಿಗೆ ಎಂ18 x 1.5 ಬಂಗ್ (ಸೆನ್ಸರ್ ತಿರುಗಿಸಿ ಕೂರಿಸೋ ಬಳೆ) ವೆಲ್ಡ್ ಮಾಡಿಸಿ. ಸೆನ್ಸರ್ ಮೇಲಿಂದ ಇಳೀಬೇಕು, ಅಡ್ಡ ಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲೆ, ಇಲ್ಲಾಂದ್ರೆ ಪೈಪಿನೊಳಗಿನ ನೀರಿನ ಹನಿ ಬಿದ್ದು ಸೆರಾಮಿಕ್ ಒಡೆಯತ್ತೆ. ಸೈಲೆನ್ಸರ್ ತುದಿಯಲ್ಲಿ ಪ್ರೋಬ್ ಇಟ್ಟು ಓದೋದು ನಿಮ್ಮ ಗಿಡ್ಡ ಪೈಪಿಗೆ ಬೇಡ. ಸಿಂಗಲ್ ಸಿಲಿಂಡರಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಹೊರಗಿನ ಗಾಳಿ ಹಿಂದಕ್ಕೆ ಎಳೆದುಕೊಂಡು ಬಂದು ಲೀನ್ ತೋರಿಸತ್ತೆ.

ಎಎಫ್ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಬಿಟ್ಟು ಲ್ಯಾಂಬ್ಡಾದಲ್ಲಿ (ಪೂರ್ತಿ ಉರಿಯೋಕೆ ಬೇಕಾದ ಅನುಪಾತಕ್ಕೆ ಹೋಲಿಸಿದ ಅಳತೆ, 1ಕ್ಕಿಂತ ಕಮ್ಮಿ ಅಂದ್ರೆ ರಿಚ್) ಕೆಲಸ ಮಾಡಿ. ಶುದ್ಧ ಪೆಟ್ರೋಲ್‌ಗೆ 14.7 ಸರಿ, 20% ಎಥನಾಲ್ ಸೇರಿದ ಇ20ಗೆ ನಿಜವಾದ ಅನುಪಾತ ಸುಮಾರು 13.5. ಲ್ಯಾಂಬ್ಡಾ 1 ಎರಡಕ್ಕೂ 1ನೇ. ನಿಮ್ಮದು ಏರ್ ಕೂಲ್ಡ್, ಹಾಗಾಗಿ ನಾನಾದ್ರೆ ಫುಲ್ ಥ್ರಾಟಲ್‌ಗೆ 0.87–0.88, 20ರಿಂದ 40% ಥ್ರಾಟಲ್‌ಗೆ 0.93–0.95 ಇಡ್ತೀನಿ. ಮ್ಯಾಪಿನ ಕ್ಲೋಸ್ಡ್ ಲೂಪ್ ಸೆಲ್‌ಗಳಲ್ಲಿ (ಪಟ್ಟಿಯ ಮನೆಗಳಲ್ಲಿ) 0 ಇರಲಿ.

ಲೆಕ್ಕ ಸುಲಭ: ಅಳತೆಯನ್ನು ಗುರಿಯಿಂದ ಭಾಗಿಸಿ. 4000 ಆರ್‌ಪಿಎಂ, 60% ಥ್ರಾಟಲ್‌ನಲ್ಲಿ 0.95 ಬಂತು, ಗುರಿ 0.88 ಅಂದ್ರೆ 1.08, ಆ ಸೆಲ್‌ಗೆ +8. ಅಕ್ಕಪಕ್ಕದ ಸೆಲ್‌ಗಳನ್ನೂ ಸ್ವಲ್ಪ ಎತ್ತಿ ಏರಿಳಿತ ನಯ ಮಾಡಿ. ಆಯಿಲ್ ಚೆನ್ನಾಗಿ ಬಿಸಿ ಆದ ಮೇಲಷ್ಟೇ ಲಾಗ್ ಮಾಡಿ. ಅದಕ್ಕೂ ಮುಂಚೆ ಬಾಕ್ಸಿಗೆ ಥ್ರಾಟಲ್ ಮುಚ್ಚಿದ್ದು 0, ಪೂರ್ತಿ ತೆರೆದದ್ದು 100 ಅಂತ ಕಲಿಸಿದ್ದೀರಾ ನೋಡಿ. ಅದು ತಪ್ಪಿದ್ರೆ ನೀವು ತಿದ್ದೋ ಸೆಲ್ ಒಂದು, ಇಂಜಿನ್ ಓಡೋ ಸೆಲ್ ಇನ್ನೊಂದು.

ಇಂಜೆಕ್ಟರ್ ಮಿತಿನೂ ಲೆಕ್ಕ ಹಾಕಿ. 6500 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕಿನ ಒಂದು ಪೂರ್ತಿ ಸುತ್ತಿಗೆ (ಕ್ರ್ಯಾಂಕ್ ಎರಡು ಸಲ ತಿರುಗೋಕೆ) ಸಿಗೋದು 18.5 ಮಿಲಿಸೆಕೆಂಡ್. ಇಂಜೆಕ್ಟರ್ ತೆರೆದಿರೋ ಮಿತಿ ಅದರ 85% ಅಂದ್ರೆ 15.7. ಅಷ್ಟು ಕೊಟ್ಟೂ ಲೀನ್ ಇದ್ರೆ ತೊಂದರೆ ಮ್ಯಾಪಲ್ಲಿಲ್ಲ. ಪೆಟ್ರೋಲ್ ಫಿಲ್ಟರ್, ಪಂಪ್ ಪ್ರೆಶರ್ ನೋಡಿ. ಇಗ್ನಿಷನ್ ಟೈಮಿಂಗ್ ಮುಟ್ಟಲೇಬೇಡಿ.

ಕುಂಬಳೆ_411

ಹೆಡ್ ಹತ್ತಿರದ ಜಾಯಿಂಟಿನಲ್ಲಿ ಕಪ್ಪು ಮಸಿ ಉಂಟು, ಗುಳ್ಳೆಯೂ ಬಂತು. ಗ್ಯಾಸ್ಕೆಟ್ ತರಿಸ್ತೇನೆ. ಇನ್ನೊಂದು ಸಂಶಯ: ಪಾಣತ್ತೂರು, ಕರಿಕೆ ದಾರಿಯಾಗಿ ಮಡಿಕೇರಿಗೆ ಹತ್ತುವುದು ಹೆಚ್ಚು. ಇಲ್ಲಿ ಕಡಲ ಬದಿಯಲ್ಲಿ ಮಾಡಿದ ಮ್ಯಾಪ್ ಅಲ್ಲಿ ರಿಚ್ ಆಗುವುದಿಲ್ವಾ? ಇಳಿಯುವಾಗಿನ ಪಟಪಟಕ್ಕೆ 0% ಥ್ರಾಟಲ್ ಸಾಲಿಗೆ ಪೆಟ್ರೋಲ್ ಕೊಡಬಹುದಾ?

ಪೆರ್ಲ_ಸ್ಪ್ಯಾನರ್

ಮಡಿಕೇರಿ ಸುಮಾರು 1150 ಮೀಟರ್, ಗಾಳಿಯ ಸಾಂದ್ರತೆ ಇಲ್ಲಿಗಿಂತ ಹತ್ತರಲ್ಲೊಂದು ಪಾಲು ಕಮ್ಮಿ. ನಿಮ್ಮ ಬಾಕ್ಸ್ ಇಸಿಯು ಕೊಡುವ ಪಲ್ಸಿಗೆ (ಇಂಜೆಕ್ಟರ್ ತೆರೆದಿರುವ ಹೊತ್ತಿಗೆ) ಪರ್ಸೆಂಟ್ ಸೇರಿಸುವ ಜಾತಿಯದ್ದಾದರೆ ಹೆದರಬೇಡಿ. ಇಸಿಯು ಪ್ರೆಶರ್ ನೋಡಿ ಪಲ್ಸ್ ಕಮ್ಮಿ ಮಾಡ್ತದೆ, ಅದರ ಮೇಲೆಯೇ ನಿಮ್ಮ ಪರ್ಸೆಂಟ್ ಬೀಳುವುದು.

ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿದಾಗ ಇಸಿಯು ಇಂಜೆಕ್ಟರನ್ನೇ ನಿಲ್ಲಿಸ್ತದೆ. ಸೊನ್ನೆಗೆ ಎಷ್ಟು ಪರ್ಸೆಂಟ್ ಸೇರಿಸಿದರೂ ಸೊನ್ನೆಯೇ ಮಾರಾಯ್ರೆ. ಗ್ಯಾಸ್ಕೆಟ್ ಹಾಕಿ, ಡಿಬಿ ಕಿಲ್ಲರ್ ವಾಪಸ್ ಕೂರಿಸಿ, ಹೆಚ್ಚಿನದು ಹೋಗ್ತದೆ. ಆಮೇಲೂ ಉಳಿದರೆ 2–5% ಥ್ರಾಟಲ್ ಸಾಲಿನಲ್ಲಿ, ಕ್ಲೋಸ್ಡ್ ಲೂಪ್ ಇಲ್ಲದ ಆರ್‌ಪಿಎಂನಲ್ಲಿ ಮಾತ್ರ, 3–4% ಕೊಟ್ಟು ನೋಡಿ.

ಚಂದ್ರಗಿರಿ_ತೀರ

ಎಳೆತ ಹೋದದ್ದಕ್ಕೆ ಏರ್‌ಬಾಕ್ಸ್ ತೆಗೆದದ್ದೂ ಕಾರಣ. ಅದರ ಗಾತ್ರ, ಮೂತಿಯ ಉದ್ದ ಎಲ್ಲ ನಡು ಆರ್‌ಪಿಎಂಗೆ ಗಾಳಿ ತುಂಬಿಸಲಿಕ್ಕೇ ಲೆಕ್ಕ ಹಾಕಿ ಮಾಡಿದ್ದು, ಅದನ್ನು ಯಾವ ಮ್ಯಾಪೂ ವಾಪಸ್ ತರುವುದಿಲ್ಲ. ಕೋನ್ ಫಿಲ್ಟರ್ ಇಂಜಿನಿನ ಬಿಸಿ ಗಾಳಿ ಎಳೀತದೆ, ಜೂನ್ ಬಂದರೆ ಒದ್ದೆ, ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಏರ್‌ಬಾಕ್ಸ್ ಪುನಃ ಕೂರಿಸಿ ಒಳಗೆ ಡ್ರಾಪ್-ಇನ್ ಕಾಟನ್ ಫಿಲ್ಟರ್ ಹಾಕಿ, ಎಣ್ಣೆ ತೆಳುವಾಗಿ. ಇದು ವೈಡ್‌ಬ್ಯಾಂಡಿಗೆ ದುಡ್ಡು ಹಾಕುವ ಮೊದಲೇ ಆಗಲಿ, ಇಲ್ಲದಿದ್ದರೆ ಮ್ಯಾಪ್ ಎರಡು ಸಲ ಮಾಡಬೇಕು.

ಮತ್ತೆ, ಕ್ಯಾಟ್ ಇಲ್ಲದ ಪೈಪ್ ರಸ್ತೆಯಲ್ಲಿ ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯ್ದೆ 182ಎ(4)ರಲ್ಲಿ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಹೊಗೆ, ಶಬ್ದಕ್ಕೆ 190(2) ಬೇರೆ, ಮೊದಲ ಸಲಕ್ಕೇ 10,000ದವರೆಗೆ. ಕಂಪನಿ ಬೆಂಡ್ ಪೈಪ್ ಇನ್ನೂ ಮನೆಯಲ್ಲಿದ್ದರೆ ಅದನ್ನೇ ಹಾಕಿ. ಸೈಲೆನ್ಸರ್ ಮಾತ್ರ ಬದಲಾದಾಗ ಮ್ಯಾಪಿಗೆ ಬೇಕಾಗುವ ತಿದ್ದುಪಡಿಯೂ ಚಿಕ್ಕದು.

ಪಿಗ್ಗಿಬ್ಯಾಕ್ ಬಾಕ್ಸ್ ಸೀಟಿನಡಿ ಇದ್ದರೆ ಕನೆಕ್ಟರ್ ಬಾಯಿ ಕೆಳಮುಖ ಇರಲಿ, ವಯರ್ ಅದಕ್ಕಿಂತ ತಗ್ಗಿಗೆ ಒಂದು ಬಳುಕು ಹೋಗಿ ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದೆ. ಕನೆಕ್ಟರಿನ ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ನಮ್ಮ ಉಪ್ಪು ಗಾಳಿಗೆ ಪಿನ್ ಹಸಿರು ಹಿಡಿಯುವುದು ಬೇಗ, ಆಗ ಗಾಡಿ ಕೆಮ್ಮುವುದು ಮ್ಯಾಪಿನ ತಪ್ಪಿನ ಹಾಗೇ ಕಾಣ್ತದೆ.